ಸರದಿ ಮುರಿಯದ ಮನುಷ್ಯ

ಸ್ಟೂರೆಗೆ ಸಿಗ್ನೆಯ ಮೇಲೆ ದ್ವೇಷವೇನೂ ಇರಲಿಲ್ಲ. ಅವಳು ಸರದಿಯಲ್ಲಿ ಅವನಿಗಿಂತ ಒಂದು ಹೆಜ್ಜೆ ಮುಂದಿದ್ದಳು, ಅಷ್ಟೇ. ಆದರೆ ವೆಸ್ಟೆರೋಸ್ ಊರಿನಲ್ಲಿ ಒಬ್ಬರು ಇನ್ನೊಬ್ಬರಿಗೆ ಮಾಡಬಹುದಾದ ಅನ್ಯಾಯಗಳಲ್ಲಿ ಪರಿಹಾರವೇ ಇಲ್ಲದ್ದು ಇದೊಂದೇ. ಔಷಧದ ಅಂಗಡಿಯಿರಲಿ, ದೋಣಿ ಕಟ್ಟಿಹಾಕುವ ಜಾಗವಿರಲಿ, ಇಲ್ಲಿ ಸರದಿ ಸಂಖ್ಯೆಯ ಚೀಟಿ ಹರಿದುಕೊಂಡು ತೆಪ್ಪಗೆ ನಿಲ್ಲಬೇಕು. ಸರದಿ ಮುರಿದು ಮುಂದೆ ಹೋದವನನ್ನು ಯಾರೂ ಬಯ್ಯುವುದಿಲ್ಲ. ಸುಮ್ಮನೆ ನೋಡುತ್ತಾರೆ. ಆ ನೋಟಕ್ಕಿಂತ ನಾಲ್ಕು ಬೈಗುಳ ತಿನ್ನುವುದು ವಾಸಿ.

ಇಬ್ಬರೂ ಕಾಯುತ್ತಿದ್ದದ್ದು ಊರಂಚಿನ ಆಲ್‌ಬಾಕೆನ್ ತೋಟದ ಸಂಘದಲ್ಲಿ ಒಂದು ತುಂಡು ನೆಲಕ್ಕಾಗಿ. ಗುಡ್ಡದ ಇಳಿಜಾರಿನಲ್ಲಿ ಸಾಲಾಗಿ ಪುಟ್ಟ ಪುಟ್ಟ ತೋಟಗಳು, ಒಂದೊಂದರಲ್ಲೂ ಕೆಂಪು ಬಣ್ಣದ ಮರದ ಗೂಡು, ನಾಲ್ಕು ಮಡಿ ಆಲೂಗಡ್ಡೆ, ಒಂದು ಸೇಬಿನ ಮರ. ಅಲ್ಲಿ ಜಾಗ ಖಾಲಿಯಾಗಬೇಕಾದರೆ ಯಾರಾದರೂ ಸಾಯಬೇಕು, ಇಲ್ಲವೇ ಸೊಂಟ ಮುರಿದುಕೊಳ್ಳಬೇಕು. ಬರುವ ವಸಂತಕ್ಕೆ ಗೇಟಿನ ಪಕ್ಕದ ತೋಟ ಖಾಲಿಯಾಗುವುದಿತ್ತು. ಇಡೀ ಗುಡ್ಡದಲ್ಲಿ ಗಾಲಿಕುರ್ಚಿ ಒಳಗೆ ಹೋಗುವಂಥ ಸಮತಟ್ಟು ನೆಲ ಅದೊಂದೇ.

ಗಾಲಿಕುರ್ಚಿ ಸ್ಟೂರೆಯ ಹೆಂಡತಿ ಗುನ್ವೊರ್‌ಳದ್ದು. ಕೆಲಸಕ್ಕಿದ್ದಷ್ಟು ಕಾಲವೂ ನಗರಸಭೆಯ ಉದ್ಯಾನಗಳಲ್ಲಿ ಮಣ್ಣು ಮೆತ್ತಿಕೊಂಡೇ ಇದ್ದವಳು. ಪಾರ್ಶ್ವವಾಯು ಬಡಿದ ಮೇಲೆ ಮಾತು ಅರ್ಧ ಹೋಗಿತ್ತು, ನೆನಪು ದಿನಕ್ಕಿಷ್ಟು ಸೋರುತ್ತಿತ್ತು. ಮೂರನೇ ಮಹಡಿಯ ಕಿಟಕಿಯ ಬಳಿ ಕೂತು, ಸಸಿಯ ಬುಡಕ್ಕೆ ಮಣ್ಣು ಒತ್ತುವವಳ ಹಾಗೆ ಮೇಜಿನ ಬಟ್ಟೆಯನ್ನು ಬೆರಳಲ್ಲಿ ಒತ್ತುತ್ತಿದ್ದಳು. ಈ ತೋಟ ತಪ್ಪಿದರೆ ಇನ್ನೊಂದಕ್ಕೆ ಕಾಯುವಷ್ಟು ಪುರುಸೊತ್ತು ಅವಳಿಗಿಲ್ಲ ಎಂದು ಸ್ಟೂರೆಗೆ ಗೊತ್ತಿತ್ತು.

ಸಿಗ್ನೆ ಕೆಳಗಿನ ಮಹಡಿಯ ವಿಧವೆ. ಬಸ್ಸು ಓಡಿಸಿ ನಿವೃತ್ತಳಾದವಳು, ಬಾಯಿ ಜೋರು, ಮನಸ್ಸು ಮೆದು. ಆ ತೋಟ ನಮಗೆ ಬಿಟ್ಟುಕೊಡು ಎಂದು ಕೇಳಬಹುದಿತ್ತು. ಕೇಳಲೆಂದೇ ಸ್ಟೂರೆ ಮೆಟ್ಟಿಲಿಳಿದು ಅವಳ ಬಾಗಿಲ ತನಕ ಹೋಗಿದ್ದೂ ಉಂಟು. ಆದರೆ ಇನ್ನೊಬ್ಬರ ಹಂಗಿಗೆ ಬೀಳುವ ಬಾಯಿ ಅವನಿಗೆ ದೇವರು ಕೊಟ್ಟಿರಲಿಲ್ಲ. ಬೆಲ್ ಒತ್ತದೆ ವಾಪಸಾಗಿದ್ದ.

ನವೆಂಬರ್ ಮೊದಲ ವಾರ ಅವಳೇ ಬೆಲ್ ಒತ್ತಿದಳು, ಕಂಕುಳಲ್ಲಿ ಲ್ಯಾಪ್‌ಟಾಪ್ ಸಮೇತ. ನಗರಸಭೆಯ ಕಂಪ್ಯೂಟರ್ ವಿಭಾಗದಲ್ಲಿ ಆಯುಷ್ಯ ಸವೆಸಿದ ಸ್ಟೂರೆ ಇಡೀ ಕಟ್ಟಡಕ್ಕೆ ಬಿಟ್ಟಿ ಮೆಕ್ಯಾನಿಕ್.

"ನೋಡೋ ಸ್ಟೂರೆ, ಇದು ಏಳ್ತಾನೇ ಇಲ್ಲ. ಒಂದು ಪೇಜ್ ತೆಗಿಯೋಷ್ಟ್ರಲ್ಲಿ ಕಾಫಿ ಕುಡಿದು ಕಪ್ಪು ತೊಳೆದಿಟ್ಟು ಬರಬಹುದು. ನನ್ನ ಹಳೇ ಬಸ್ಸೇ ವಾಸಿ, ಎಂಥಾ ಚಳೀಲೂ ಎರಡು ಸಲ ಕೆಮ್ಮಿ ಹೊರಡ್ತಿತ್ತು. ಸಂಘದ ಪೇಜಲ್ಲಿ ಈ ವರ್ಷದ ಉತ್ತರಾನೂ ಕೊಟ್ಟಿಲ್ಲ ಇನ್ನೂ."

ಉತ್ತರವೆಂದರೆ ಇದು: ಸರದಿಯಲ್ಲಿರುವವರು ಪ್ರತಿ ನವೆಂಬರಿನಲ್ಲೂ ಸಂಘದ ವೆಬ್‌ಸೈಟಿಗೆ ಹೋಗಿ ‘ನಾನಿನ್ನೂ ಕಾಯುತ್ತಿದ್ದೇನೆ’ ಎಂದು ಒತ್ತಬೇಕು. ಒತ್ತದವರ ಹೆಸರನ್ನು ತೆಗೆದುಹಾಕುತ್ತಾರೆ. ಆಸ್ಪತ್ರೆಯಲ್ಲಿದ್ದೆ ಎಂದರೂ ಕೇಳುವುದಿಲ್ಲ, ಕಂಪ್ಯೂಟರ್ ಕೈಕೊಟ್ಟಿತು ಎಂದರಂತೂ ನಗುತ್ತಾರೆ. ಸಿಗ್ನೆ ಒತ್ತಿ ಆದ ಮೇಲೆ ಮೆಟ್ಟಿಲ ಬಳಿ ನಿಂತು "ನಂದಾಯ್ತು, ಈಗ ನಿಂದು" ಎಂದು ಕೂಗುವುದು, ಆಮೇಲೆ ಸ್ಟೂರೆ ಒತ್ತುವುದು ವರ್ಷಗಳಿಂದ ನಡೆದುಬಂದ ಪದ್ಧತಿ. ಎರಡನೆಯವನು ಮೊದಲನೆಯವಳಿಗಿಂತ ಮುಂಚೆ ಒತ್ತಬಾರದೆಂದು ಯಾರೂ ಹೇಳಿರಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ.

ಸ್ಟೂರೆ ಲ್ಯಾಪ್‌ಟಾಪನ್ನು ಅಡುಗೆಮನೆಯ ಮೇಜಿನ ಮೇಲಿಟ್ಟು ಒಂದೊಂದೇ ಪರೀಕ್ಷಿಸಿದ. ಡಿಸ್ಕ್ ಸರಿಯಿತ್ತು, ವೈರಸ್ ಇರಲಿಲ್ಲ. ಕೊನೆಗೆ ಹೋಸ್ಟ್ಸ್ ಫೈಲ್ ತೆರೆದು ಸಿಳ್ಳೆ ಹಾಕಿದ. ಸಾಲಿನ ಕೆಳಗೆ ಸಾಲು, ಎಷ್ಟು ಜಾರಿಸಿದರೂ ಮುಗಿಯದು.

"ಇದನ್ನ ಯಾರು ತುಂಬಿದ್ದು?"

"ನನ್ನ ಮೈದುನ. ಜಾಹೀರಾತು ಬರೋದಿಲ್ಲ ಅಂತ ಎಲ್ಲಿಂದಲೋ ತಂದು ಸುರಿದ. ಏನದು?"

"ನೀನು ಯಾವ ವೆಬ್‌ಸೈಟ್ ಕೇಳಿದ್ರೂ ಲ್ಯಾಪ್‌ಟಾಪ್ ಮೊದ್ಲು ಮನೇಲಿರೋ ಈ ಫೈಲನ್ನ ಕೇಳುತ್ತೆ, ಆಮೇಲೆ ಹೊರಗಿನವರನ್ನ. ಎಡಗಡೆ ವಿಳಾಸ, ಬಲಗಡೆ ಹೆಸರು. ನಿನ್ನ ಮೈದುನ ಒಂದು ಊರಿನಷ್ಟು ಹೆಸರು ತುಂಬಿದ್ದಾನೆ, ಅದಕ್ಕೇ ಏದುಸಿರು ಬಿಡ್ತಿದೆ. ಪೇಜ್ ಬರದೇ ಇದ್ರೆ, ಬೇರೆ ಎಲ್ಲೋ ಹೋದ್ರೆ, ಮೊದ್ಲು ನೋಡಬೇಕಾದ್ದು ಇಲ್ಲೇ. ಇಲ್ಲಿ ಬರೆದದ್ದನ್ನ ಅದು ಕಣ್ಮುಚ್ಚಿ ನಂಬುತ್ತೆ."

"ಸುಳ್ಳು ಬರೆದಿದ್ರೆ?"

"ಸುಳ್ಳನ್ನೂ."

"ಪಾಪ, ಥೇಟ್ ನನ್ನ ಹಾಗೇ. ನನ್ನ ಮೊದಲ ಗಂಡನ ಮಾತನ್ನ ನಾನೂ ಹಂಗೇ ನಂಬಿದ್ದೆ" ಎಂದು ಸಿಗ್ನೆ ಮೇಜು ಬಡಿದು ನಕ್ಕಳು.

ಸ್ಟೂರೆಯೂ ನಕ್ಕ. ನಗುತ್ತಿದ್ದ ಹಾಗೆಯೇ ಅವನ ತಲೆಯಲ್ಲಿ ಏನೋ ಸದ್ದಿಲ್ಲದೆ ಜಾಗಕ್ಕೆ ಬಂದು ಕೂತಿತು. "ಎರಡು ದಿನ ಇಲ್ಲೇ ಬಿಟ್ಟುಹೋಗು" ಎಂದ.

ಉಪಾಯ ಸರಳವಾಗಿತ್ತು, ಸರಳವಾದದ್ದರಿಂದಲೇ ಅವನಿಗೆ ಅದರ ಮೇಲೆ ಭರವಸೆ. ಆ ಊರಿನಷ್ಟು ಸಾಲುಗಳ ನಡುವೆ ಇನ್ನೊಂದು ಸಾಲು. ಆಲ್‌ಬಾಕೆನ್ ಎಂದು ಕೇಳಿದಾಗ ಲ್ಯಾಪ್‌ಟಾಪ್ ಸಂಘದ ಬಳಿ ಹೋಗುವ ಬದಲು, ಅವನು ಬಾಡಿಗೆಗೆ ಹಿಡಿದ ಅಂತರ್ಜಾಲದ ಒಂದು ಮೂಲೆಗೆ ಹೋಗುತ್ತದೆ. ಅಲ್ಲಿ ಸಂಘದ ಪುಟದ ನಕಲು. ಸಿಗ್ನೆ ಒತ್ತುತ್ತಾಳೆ, ಧನ್ಯವಾದ ಬರುತ್ತದೆ, ಉತ್ತರ ಮಾತ್ರ ಎಲ್ಲಿಗೂ ತಲುಪುವುದಿಲ್ಲ. ಸಂಘದ ವೆಬ್‌ಸೈಟ್ ಓಬೀರಾಯನ ಕಾಲದ್ದು. ‘ಸುರಕ್ಷಿತವಲ್ಲ’ ಎಂದು ಬ್ರೌಸರ್ ವರ್ಷಗಳಿಂದ ಗೊಣಗುತ್ತಲೇ ಇದ್ದುದರಿಂದ ಆ ಗೊಣಗಾಟಕ್ಕೆ ಈಗ ಯಾರೂ ಕಿವಿಗೊಡುತ್ತಿರಲಿಲ್ಲ. ಒತ್ತಿದವರಿಗೆ ಮೇಲ್ ಕಳಿಸುವ ಪದ್ಧತಿಯೂ ಇರಲಿಲ್ಲ. ‘ಧನ್ಯವಾದ, ನಿಮ್ಮ ಜಾಗ ಭದ್ರವಾಗಿದೆ’ ಎಂಬ ಒಂದು ಮಾತು, ಅದರ ಕೆಳಗೆ ಹೂವು ತುಂಬಿದ ಕೈಗಾಡಿಯ ಚಿತ್ರ. ಎಲ್ಲ ಮುಗಿದ ಮೇಲೆ ಮೈದುನನ ಸಾಲುಗಳ ಜೊತೆ ಈ ಸಾಲನ್ನೂ ಅಳಿಸಿದರೆ ಲ್ಯಾಪ್‌ಟಾಪ್ ರಿಪೇರಿಯಾದ ಹಾಗೂ ಆಯಿತು, ಗುರುತು ಅಳಿದ ಹಾಗೂ ಆಯಿತು. ಕೆಟ್ಟ ಕೆಲಸವೊಂದು ಒಳ್ಳೆಯ ಕೆಲಸದ ಹೊಟ್ಟೆಯೊಳಗೆ ಇಷ್ಟು ಅಚ್ಚುಕಟ್ಟಾಗಿ ಕೂತದ್ದನ್ನು ಅವನು ಕಂಡಿರಲಿಲ್ಲ.

ಪರೀಕ್ಷೆ ಮಾಡದ ಕೆಲಸವನ್ನು ಇನ್ನೊಬ್ಬರ ಯಂತ್ರಕ್ಕೆ ಹಾಕುವ ಜಾಯಮಾನ ಅವನದಲ್ಲ. ಮೊದಲು ತನ್ನ ಲ್ಯಾಪ್‌ಟಾಪಿನಲ್ಲೇ ಆ ಸಾಲು ಬರೆದು ನೋಡಿದ. ಕೈಗಾಡಿಯ ಕೆಂಪು ಸ್ವಲ್ಪ ಮಂಕಾಗಿತ್ತು, ತಿದ್ದಿದ. ಅಕ್ಷರ ಒಂದು ಕೂದಲೆಳೆಯಷ್ಟು ದಪ್ಪವಾಗಿತ್ತು, ತಿದ್ದಿದ. ಅಸಲು ಯಾವುದು ನಕಲು ಯಾವುದು ಎಂದು ಮಾಡಿದ ತನಗೇ ಗೊತ್ತಾಗಬಾರದು ಎಂಬುದು ಅವನ ಹಟ. ಗೊತ್ತಾಗದ ಹಾಗೆ ಆದ ಮೇಲೆಯೇ ಆ ಸಾಲನ್ನು ಸಿಗ್ನೆಯ ಫೈಲಿನ ನಟ್ಟನಡುವೆ ನೆಟ್ಟ. ಹಿಂದಿನ ಕೋಣೆಯಲ್ಲಿ ಗುನ್ವೊರ್ ಏನೋ ಕೇಳಿದಳು.

"ತೋಟ?" ಎಂದಿದ್ದಳು. ಆ ವಾರ ಅವಳ ಬಾಯಿಂದ ಬಂದ ಒಂದೇ ಪೂರ್ತಿ ಮಾತು ಅದು.

"ಹೌದು ಕಣೇ, ತೋಟ. ಸಿಗತ್ತೆ" ಎಂದ ಸ್ಟೂರೆ.

ಸಿಗ್ನೆಗೆ ಲ್ಯಾಪ್‌ಟಾಪ್ ವಾಪಸ್ ಕೊಡುವಾಗ "ಅರ್ಧ ರಿಪೇರಿಯಾಗಿದೆ, ಉಳಿದದ್ದು ಆಮೇಲೆ" ಎಂದ. ಅವಳು ಅವನನ್ನು ಕೂರಿಸಿ, ಕಾಫಿಯನ್ನೂ ದಾಲ್ಚಿನ್ನಿ ಬನ್ನನ್ನೂ ಮುಂದಿಟ್ಟು, ಅವನೆದುರೇ ಸಂಘದ ಪುಟ ತೆರೆದಳು. ಏದುಸಿರು ಬಿಡುತ್ತಾ ಪುಟ ಬಂತು. ಒತ್ತಿದಳು. ಕೈಗಾಡಿ ಬಂತು.

"ಆಯ್ತಪ್ಪ! ಈ ಸಲ ಸಿಗೋದು ಗ್ಯಾರಂಟಿ. ಅಲ್ಲ ಕಣೋ, ನಾನೊಂದು ಯೋಚನೆ ಮಾಡಿದ್ದೀನಿ. ಬೇಡ ಅನ್ನಬೇಡ. ಗುನ್ವೊರ್‌ನ ದಿನಾ ನಾನೇ ಕರ್ಕೊಂಡು ಹೋಗ್ತೀನಿ. ಆ ಸೇಬಿನ ಮರದ ಕೆಳಗೆ ಕೂತು ಅವಳು ಹೇಳಿಕೊಡ್ಲಿ, ನಾನು ಅಗೀತೀನಿ. ನನಗೆ ಬಸ್ಸು ತಿರುಗಿಸೋದು ಬರುತ್ತೆ, ಕ್ಯಾರೆಟ್ ಬೆಳೆಯೋದು ಎಲ್ಲಿ ಬರುತ್ತೆ?"

ಸ್ಟೂರೆ ಕಚ್ಚಿದ ಬನ್ನನ್ನು ತಟ್ಟೆಗಿಟ್ಟ. ಈಗಲೂ ಹೇಳಬಹುದಿತ್ತು. ಆ ಸಾಲನ್ನು ಇಲ್ಲೇ ಅಳಿಸಿ, ‘ಏನೋ ಅನುಮಾನ, ಇನ್ನೊಂದು ಸಲ ಒತ್ತು’ ಎಂದರೆ ಮುಗಿಯುತ್ತಿತ್ತು. ಆದರೆ ದಿನಾ ಇನ್ನೊಬ್ಬರ ಗೇಟಿನೊಳಗೆ, ಇನ್ನೊಬ್ಬರ ಮರದ ಕೆಳಗೆ, ಇನ್ನೊಬ್ಬರ ದಯೆಯಲ್ಲಿ ಕೂರುವ ಗುನ್ವೊರ್‌ಳನ್ನು ಅವನಿಗೆ ನೆನೆಯಲಾಗಲಿಲ್ಲ. "ನೋಡೋಣ" ಎಂದು ಕಾಫಿ ಕುಡಿದು ಎದ್ದ.

ಮೆಟ್ಟಿಲು ಹತ್ತುವಾಗ ಹಿಂದಿನಿಂದ ವಾಡಿಕೆಯ ಕೂಗು ಬಂತು. "ನಂದಾಯ್ತು, ಈಗ ನಿಂದು!"

ಮನೆಗೆ ಬಂದು ತನ್ನ ಲ್ಯಾಪ್‌ಟಾಪ್ ತೆರೆದ. ಪುಟ ತಟ್ಟನೆ ಬಂತು. ಒಳ್ಳೆಯ ಯಂತ್ರ, ಒಳ್ಳೆಯ ಕೈಯಲ್ಲಿದೆ ಎಂದುಕೊಂಡು ಒತ್ತಿದ. ಕೆಂಪು ಕೈಗಾಡಿ, ನಿಮ್ಮ ಜಾಗ ಭದ್ರವಾಗಿದೆ.

ಡಿಸೆಂಬರಿನಲ್ಲಿ ಸಿಗ್ನೆಯ ಹೋಸ್ಟ್ಸ್ ಫೈಲನ್ನು ಪೂರ್ತಿ ತೊಳೆದ. ಬಾಡಿಗೆಯ ಮೂಲೆಯನ್ನು ಖಾಲಿ ಮಾಡಿ ಬೀಗ ಹಾಕಿದ. ಅವಳ ಲ್ಯಾಪ್‌ಟಾಪ್ ಹೊಸದರ ಹಾಗೆ ಓಡತೊಡಗಿತು. ಕಾಡುಹಣ್ಣಿನ ಜಾಮ್ ಒಂದು ಬಾಟಲಿ ಬಂತು. ಅದನ್ನು ತಿನ್ನಲು ಅವನಿಗೆ ಮನಸ್ಸಾಗಲಿಲ್ಲ. ಗುನ್ವೊರ್ ತಿಂದಳು.

ಮಾರ್ಚಿನಲ್ಲಿ ಸಂಘದ ವಾರ್ಷಿಕ ಸಭೆ. ಸರದಿಯಲ್ಲಿರುವವರಿಗೂ ಕಾಫಿ ಉಂಟು. ತೋಟಗಳ ಹಳೆಯ ಫೋಟೊಗಳನ್ನು ಗೋಡೆಯ ಮೇಲೆ ತೋರಿಸಲು ಅಧ್ಯಕ್ಷೆ ಮಾಯ್‌ಬ್ರಿತ್ ಎಂದಿನಂತೆ ಸ್ಟೂರೆಯ ಲ್ಯಾಪ್‌ಟಾಪನ್ನೇ ಕೇಳಿದ್ದಳು. ಅವನು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಗುನ್ವೊರ್‌ಳನ್ನು ಮುಂದಿನ ಮೇಜಿನ ಬಳಿ ಕೂರಿಸಿ, ಪ್ರೊಜೆಕ್ಟರಿನ ತಂತಿ ಸಿಕ್ಕಿಸಿದ. ತನ್ನ ಹೆಸರು ಕೇಳಿದಾಗ ಮುಖ ಹೇಗಿಟ್ಟುಕೊಳ್ಳಬೇಕೆಂದು ಕನ್ನಡಿಯ ಮುಂದೆ ಅಭ್ಯಾಸ ಮಾಡಿಯೇ ಬಂದಿದ್ದ.

"ಗೇಟಿನ ಪಕ್ಕದ ತೋಟ ರೋಜ್ದಾಗೆ" ಎಂದಳು ಮಾಯ್‌ಬ್ರಿತ್. ಹಿಂದಿನ ಸಾಲಿನಲ್ಲಿ ನರ್ಸ್ ಉಡುಪಿನ ಹೆಣ್ಣೊಬ್ಬಳು ಬಾಯಿಗೆ ಕೈಯಿಟ್ಟುಕೊಂಡಳು. ಸರದಿಯಲ್ಲಿ ಮೂರನೆಯವಳು.

"ತಡಿ ತಡಿ. ಮೊದಲ್ನೇವಳು ನಾನು" ಎಂದು ಸಿಗ್ನೆ ಎದ್ದಳು.

"ನೀನು ನವೆಂಬರಲ್ಲಿ ಉತ್ತರಾನೇ ಕೊಡ್ಲಿಲ್ಲ, ಸಿಗ್ನೆ."

"ಕೊಟ್ಟಿದ್ದೀನಿ! ಸ್ಟೂರೆ ಪಕ್ಕದಲ್ಲೇ ಕೂತು ಬನ್ನು ತಿಂತಿದ್ದ. ಹೇಳೋ!"

ಇದಕ್ಕೆ ಸ್ಟೂರೆ ಮಾತು ಸಿದ್ಧಮಾಡಿಕೊಂಡಿದ್ದ. ಅದನ್ನು ಬಿಟ್ಟು ಅಧ್ಯಕ್ಷೆಯತ್ತ ತಿರುಗಿದ. "ಅದಿರಲಿ, ನಾನೆಲ್ಲಿ? ಎರಡನೆಯವನು ನಾನು."

"ನಿಂದೂ ಬಂದಿಲ್ಲ."

"ಬಂದಿಲ್ಲ ಅಂದ್ರೆ? ನಾನು ಒತ್ತಿದ್ದೀನಿ. ಕೈಗಾಡೀನ ಕಣ್ಣಾರೆ ಕಂಡಿದ್ದೀನಿ!" ಆ ವರ್ಷ ಅವನು ಆಡಿದ ಮಾತುಗಳಲ್ಲಿ ಇಷ್ಟು ಪ್ರಾಮಾಣಿಕವಾದದ್ದು ಇನ್ನೊಂದಿರಲಿಲ್ಲ. "ನಿಮ್ಮ ವೆಬ್‌ಸೈಟೇ ಸರಿಯಿಲ್ಲ. ನಮ್ಮಿಬ್ಬರಿಗೂ ಮೋಸ ಆಗಿದೆ."

"ಹಂಗೆ ಹೇಳು!" ಎಂದಳು ಸಿಗ್ನೆ.

"ಸರಿಯಿಲ್ದಿದ್ರೆ ಎಲ್ಲರೂ ನೋಡ್ಲಿ, ಇಲ್ಲೇ ತೆಗಿ" ಎಂದಳು ಮಾಯ್‌ಬ್ರಿತ್.

ಸ್ಟೂರೆ ಸಂಘದ ಹೆಸರು ಒತ್ತಿದ. ಗೋಡೆಯ ಮೇಲೆ ಬಿಳಿ ಪುಟ. ಅದರ ಮೇಲೆ ‘ಈ ವಿಳಾಸದಲ್ಲಿ ಏನೂ ಸಿಗಲಿಲ್ಲ’ ಎಂಬ ಮಾತು. "ನೋಡಿದ್ರಾ?" ಎಂದ ಗೆದ್ದವನಂತೆ.

"ನನ್ನ ಫೋನಲ್ಲಿ ಬರ್ತಾ ಇದೆಯಲ್ಲ" ಎಂದು ರೋಜ್ದಾ ಹಿಂದಿನಿಂದ ಮೆಲ್ಲಗೆ ಹೇಳಿದಳು. ಇನ್ನಿಬ್ಬರೂ ತಮ್ಮ ಫೋನ್ ಎತ್ತಿ ತೋರಿಸಿದರು.

"ಮತ್ತೆ ಆ ಹೋಸ್ಟ್ಸ್ ಫೈಲ್ ನೋಡೋ!" ಸಿಗ್ನೆ ಕಲಿತ ಪಾಠ ಒಪ್ಪಿಸುವವಳ ಹಾಗೆ ಹೇಳಿದಳು. "ನೀನೇ ಹೇಳಿಕೊಟ್ಟಿದ್ದಲ್ವಾ, ಪೇಜ್ ಬರದಿದ್ರೆ ಮೊದ್ಲು ನೋಡಬೇಕಾದ್ದು ಅಲ್ಲೇ ಅಂತ. ನಿಂದನ್ನೂ ಯಾರೋ ಮೈದುನ ಕೆಡಿಸಿರಬೇಕು."

ಸಭೆ ನಕ್ಕಿತು. "ನಂದು ಶುಚಿಯಾಗಿದೆ, ಬೇಕಾದ್ರೆ ನೋಡಿ" ಎಂದು ಸ್ಟೂರೆ ತನ್ನ ಕೈಯಾರೆ ಫೈಲ್ ತೆರೆದ.

ಅದು ಶುಚಿಯಾಗಿಯೇ ಇತ್ತು. ಸಿಗ್ನೆಯದರ ಹಾಗೆ ಸಾಲುಗಳ ಕಾಡಿರಲಿಲ್ಲ. ಬಿಳಿ ಗೋಡೆಯ ನಡುವೆ ಒಂದೇ ಒಂದು ಸಾಲು, ಎಡಕ್ಕೆ ವಿಳಾಸ, ಬಲಕ್ಕೆ ಆಲ್‌ಬಾಕೆನ್‌ನ ಹೆಸರು. ಕೈಗಾಡಿಯ ಕೆಂಪು ತಿದ್ದುತ್ತಾ ಪರೀಕ್ಷೆಗೆಂದು ತಾನೇ ಬರೆದದ್ದು. ಅವಳ ಲ್ಯಾಪ್‌ಟಾಪಿನಿಂದ ಅಳಿಸಿದ್ದ, ಬಾಡಿಗೆಯ ಮೂಲೆಯನ್ನು ಮುಚ್ಚಿದ್ದ. ಅನುಮಾನವೇ ಬರದೆ ಅಳಿಸದೆ ಬಿಟ್ಟ ಜಾಗ ತನ್ನ ಲ್ಯಾಪ್‌ಟಾಪೊಂದೇ. ಸಿಗ್ನೆಯ ಕೂಗಿಗೆ ಕಾಯದೆ ನವೆಂಬರಿನ ಮೊದಲ ದಿನವೇ ಒತ್ತಿಬಿಟ್ಟಿದ್ದರೆ ಅವನ ಉತ್ತರ ಸಂಘಕ್ಕೆ ಮುಟ್ಟುತ್ತಿತ್ತು, ತೋಟ ಅವನದಾಗುತ್ತಿತ್ತು. ಆದರೆ ಅವನು ಸರದಿ ಮುರಿಯುವವನಲ್ಲ. ಸಿಗ್ನೆ ಕನ್ನಡಕ ಏರಿಸಿ, ಹೇಳಿಕೊಟ್ಟ ಹಾಗೆಯೇ ಎಡದಿಂದ ಬಲಕ್ಕೆ ನಿಧಾನವಾಗಿ ಓದಿ, ಗೋಡೆಯಿಂದ ಅವನ ಕಡೆಗೆ ತಿರುಗಿದಳು. "ಸ್ಟೂರೆ, ನಂದರಲ್ಲೂ ಈ ಸಾಲು ಇತ್ತೇನೋ?" ಗುನ್ವೊರ್ ಮೇಜಿನ ಬಟ್ಟೆಯ ಮೇಲೆ ಸಸಿ ನೆಡುತ್ತಲೇ ಇದ್ದಳು. ಯಾರೂ ಅವನನ್ನು ಬಯ್ಯಲಿಲ್ಲ. ಸುಮ್ಮನೆ ನೋಡಿದರು.