ಮರೆಯಲೊಲ್ಲದ ಕನ್ನಡಿ

ಬಹಳ ಹಿಂದೆ, ಹಿಂದೆ ಅಂದರೆ ಬೆಟ್ಟಗಳಿಗೆ ಇನ್ನೂ ಮೀಸೆ ಮೂಡದ ಕಾಲದಲ್ಲಿ, ಗಿಲಕಿಪುರ ಎಂಬ ರಾಜ್ಯವಿತ್ತು. ಎಷ್ಟು ದೊಡ್ಡ ರಾಜ್ಯ ಅಂತೀರಿ? ಅದರ ಪೂರ್ವದ ಬಾಗಿಲಲ್ಲಿ ಹುಟ್ಟಿದ ಕರು ನಡೆದು ನಡೆದು ಪಶ್ಚಿಮದ ಬಾಗಿಲು ಮುಟ್ಟುವ ಹೊತ್ತಿಗೆ ಮುದಿ ಎತ್ತಾಗಿರುತ್ತಿತ್ತು. ನಂಬದವರು ಹೋಗಿ ಅಳೆದುಕೊಂಡು ಬರಬಹುದು, ಯಾರೂ ಬೇಡ ಅಂದಿಲ್ಲ.

ಆ ರಾಜ್ಯದ ಯುವರಾಜ ಕೆಂಚರಾಯ. ತಂದೆತಾಯಿ ಇಲ್ಲದ ಅವನನ್ನು ಎತ್ತಿ ಆಡಿಸಿ ಬೆಳೆಸಿದವಳು ಅಕ್ಕ ಹೊಂಬಾಳೆ. ಕೆಂಚರಾಯ ಧೈರ್ಯದಲ್ಲಿ ಸಿಂಹ, ಬಲದಲ್ಲಿ ಆನೆ. ತಾಳ್ಮೆಯಲ್ಲಿ ಮಾತ್ರ ಕಾದ ಎಣ್ಣೆಗೆ ಬಿದ್ದ ಸಾಸಿವೆ. ಯಾರು ಏನು ಹೇಳಹೊರಟರೂ "ಹೂಂ, ಆಯ್ತು, ಮುಂದೆ!" ಅನ್ನುವುದು ಅವನ ಅಭ್ಯಾಸ. ಒಮ್ಮೆ ಮಂತ್ರಿ ಓಡಿ ಬಂದು "ಪ್ರಭೂ, ಅಡುಗೆಮನೆಗೆ ಬೆಂಕಿ..." ಅನ್ನುವಷ್ಟರಲ್ಲಿ "ಹೂಂ, ಆಯ್ತು, ಮುಂದೆ!" ಅಂದಿದ್ದ. ಆ ವರ್ಷ ಅಡುಗೆಮನೆಯನ್ನು ಹೊಸದಾಗಿ ಕಟ್ಟಿಸಬೇಕಾಯಿತು.

ರಾಜ್ಯದ ಗಡಿಯಾಚೆ ಹೊಗೆರಾಯನೆಂಬ ಮಾಂತ್ರಿಕನಿದ್ದ. ಗಡ್ಡ ಇರಬೇಕಾದ ಕಡೆ ಅವನಿಗೆ ಹೊಗೆ ಇತ್ತು. ಅವನ ತೋಟದಲ್ಲಿ ತಾಳೆಮರದೆತ್ತರದ ಒಂದು ಕನ್ನಡಿ. ಆ ಕನ್ನಡಿಯೊಳಗೆ ಒಂದು ಆಟ. ಈಗ ನಮ್ಮ ಮನೆ ಮಕ್ಕಳು ಅಂಗೈಯಗಲದ ಫೋನಿನಲ್ಲಿ ಆಡುತ್ತಾರಲ್ಲ, 'ಇದನ್ನು ಆರಿಸಿಕೊಳ್ಳಲಾ, ಅದನ್ನು ಆರಿಸಿಕೊಳ್ಳಲಾ' ಅಂತ, ಆ ಆಟಗಳೆಲ್ಲ ಈ ಕನ್ನಡಿಯ ಮರಿಮೊಮ್ಮಕ್ಕಳು. ಹೊಗೆರಾಯ ಊರೂರಿಗೂ ಡಂಗುರ ಸಾರಿಸಿದ: "ಜೊತೆಗೊಬ್ಬರನ್ನು ಕರೆತನ್ನಿ. ದಾರಿಯಲ್ಲಿ ಮೂರು ಸಲ ಆಯ್ಕೆ ಮಾಡಿ. ಕೊನೆಯ ಸಿಂಹಾಸನದಲ್ಲಿ ಕೂತವರಿಗೆ ಚಿನ್ನದ ಕಿರೀಟ!"

"ಬೇಡ ಕಣೋ, ಆ ಹೊಗೆಯವನ ಮುಖ ನೋಡಿದರೇ..." ಅಂದಳು ಹೊಂಬಾಳೆ.

"ಹೂಂ, ಆಯ್ತು, ನಡಿ ಅಕ್ಕ!"

ಕನ್ನಡಿಯೊಳಗೆ ಮೊದಲು ಒಂದು ಆನೆ ಸಿಕ್ಕಿತು, ಏನೋ ಹೇಳತೊಡಗಿತು. ಗಾಳಿಯಲ್ಲಿ ಎರಡು ದೀಪಗಳು ತೂಗಿದವು, ಕೆಂಚರಾಯ ಒಂದನ್ನು ಮುಟ್ಟಿ ಮುಂದೆ ಹೋದ. ಆಮೇಲೆ ಯಾರೋ ಅಜ್ಜಿ, ಎರಡು ದೀಪ, ಮುಟ್ಟಿದ. ಆಮೇಲೆ ಒಂದು ಹುಲಿ, ಎರಡು ದೀಪ, ಮುಟ್ಟಿದ. ಓಡಿಹೋಗಿ ಸಿಂಹಾಸನದಲ್ಲಿ ಕೂತ. ಗಂಟೆಗಳು ಮೊಳಗಿದವು, ತಲೆಯ ಮೇಲೆ ಕಿರೀಟ ಬಿತ್ತು.

"ಗೆದ್ದೆ ಅಕ್ಕಾ!" ಅಂತ ತಿರುಗಿದರೆ, ಅವನು ಮತ್ತೆ ಹೊಗೆರಾಯನ ತೋಟದಲ್ಲಿದ್ದ. ಪಕ್ಕದಲ್ಲಿ ಅಕ್ಕ ಕಲ್ಲಾಗಿ ನಿಂತಿದ್ದಳು. ಒಂದು ಕೈ ಅವನ ಕಡೆ ಚಾಚಿತ್ತು, ಬಾಯಿ ಏನೋ ಹೇಳುವಂತೆ ಅರ್ಧ ತೆರೆದಿತ್ತು.

ಹೊಗೆರಾಯ ಹೊಟ್ಟೆ ಹಿಡಿದುಕೊಂಡು ನಕ್ಕ. "ಕಿರೀಟ ನಿಮಗೆ, ಕಲ್ಲು ನನಗೆ. ಲೆಕ್ಕ ಚುಕ್ತಾ, ಯುವರಾಜರೇ! ತೋಟಕ್ಕೆ ಒಂದು ಬೊಂಬೆ ಕಡಿಮೆ ಇತ್ತು."

ಆಗಲೇ ಕೆಂಚರಾಯ ಸುತ್ತ ನೋಡಿದ್ದು. ತೋಟದ ತುಂಬ ಅಂಥವೇ ಕಲ್ಲಿನ ಗಂಡಸರು, ಕಲ್ಲಿನ ಹೆಂಗಸರು.

ಅವನು ಕನ್ನಡಿಗೆ ಮತ್ತೆ ನುಗ್ಗಿದ. ಮೊದಲ ಹೆಜ್ಜೆಯಿಂದ ಆಡಿ, ಈ ಸಲ ಬೇರೆ ದೀಪ ಮುಟ್ಟೋಣ ಅಂತ. ಆದರೆ ಕಾಲಿಟ್ಟದ್ದೇ ಸಿಂಹಾಸನದ ಮೇಲೆ! ಗಂಟೆ ಮೊಳಗಿತು, ಕಿರೀಟ ಬಿತ್ತು, ಹೊರಗೆ ಬಿದ್ದ. ಮತ್ತೆ ನುಗ್ಗಿದ. ಮತ್ತೆ ಗಂಟೆ, ಮತ್ತೆ ಕಿರೀಟ. ಕಿರೀಟದ ಮೇಲೆ ಕಿರೀಟ ಕೂತು ಕೂತು ಕೊನೆಗೆ ತಲೆಯ ಮೇಲೊಂದು ಗೋಪುರವೇ ಎದ್ದು, ಅದರ ತುದಿಯಲ್ಲಿ ಪಾರಿವಾಳ ಗೂಡು ಕಟ್ಟಿತು.

ಕನ್ನಡಿಯ ನೆತ್ತಿಯ ಮೇಲೆ ಒಂದು ಗೂಬೆ ಕೂತಿತ್ತು. ನಿಯಮವಿಲ್ಲದ ಮಾಯೆ ನಿಲ್ಲುವುದಿಲ್ಲವಲ್ಲ, ಆಟದ ನಿಯಮ ಕಾಯುವುದು ಅದರ ಕೆಲಸ. ಕೇಳಿದವರಿಗೆ ಅದು ಸುಳ್ಳು ಹೇಳುವಂತಿರಲಿಲ್ಲ.

"ಏ ಗೂಬೆ!" ಅಂತ ಕೆಂಚರಾಯ ಸಿಟ್ಟಿನಿಂದ ಕೂಗಿದ.

"ಹೌದು, ಅದೇ ನಾನು," ಅಂದಿತು ಗೂಬೆ. "ನೀನು ಆಡಿದ್ದು ಕನ್ನಡಿಗೆ ನೆನಪಿದೆಯಪ್ಪಾ. ಬಿಟ್ಟ ಕಡೆಯಿಂದಲೇ ಶುರು ಮಾಡುತ್ತದೆ. ಮೊದಲಿಂದ ಆಡಬೇಕಾದರೆ ಹಳೆಯ ಆಟ ಅಳಿಸಬೇಕು. ಅಳಿಸಿದರೆ ನಿನ್ನಕ್ಕ ಮೊದಲ ಹೆಜ್ಜೆಯಲ್ಲಿ ಮೊದಲಿನ ಹಾಗೇ ಸಿಗುತ್ತಾಳೆ. ಅಮಾವಾಸ್ಯೆ ದಾಟಿದರೆ ಮಾತ್ರ, ಹೊಗೆರಾಯ ಇರುವವರೆಗೂ ಕಲ್ಲು ಕಲ್ಲೇ."

"ಎಲ್ಲಿದೆ ಆ ನೆನಪು?"

"ಕನ್ನಡಿಯ ಬೆನ್ನು ನೋಡು."

ಕನ್ನಡಿಯ ಬೆನ್ನಿಗೆ ದೋಣಿಯಷ್ಟು ದೊಡ್ಡ ಉಡ ಕಚ್ಚಿಕೊಂಡಿತ್ತು. ಒಳಗೆ ಯಾರು ಯಾವ ದೀಪ ಮುಟ್ಟಿದರೂ ಅದೊಂದು ಮಣಿಯಾಗಿ ಉಡದ ಹೊಟ್ಟೆಗೆ ಇಳಿಯುತ್ತಿತ್ತು. ಎಳೆದ, ಬರಲಿಲ್ಲ. ಗುದ್ದಿದ, ಕೈ ಊದಿತು. ಆಗ ಕೆಂಚರಾಯ ತೋಟದ ಆಳುಗಳ ಅಡುಗೆಮನೆಯಿಂದ ಒಂದು ಬುಟ್ಟಿ ಒಣಮೆಣಸಿನಕಾಯಿ ತಂದು, ಉಡದ ಮೂಗಿನ ಕೆಳಗೇ ಒಲೆ ಹೂಡಿ ಹುರಿದ. ಘಾಟು ಎದ್ದಿತು. ಉಡ ಸೀನಿತು. ಅದೇನು ಸೀನು! ಪಕ್ಕದ ರಾಜ್ಯದ ಆಸ್ಥಾನದಲ್ಲಿ ಎಲ್ಲರ ಪೇಟಗಳೂ ಹಾರಿ ಅದಲುಬದಲಾಗಿ ಕೂತವು. ಅಲ್ಲಿ ಇವತ್ತಿಗೂ ಯಾರು ಮಂತ್ರಿ, ಯಾರು ಅಡುಗೆಯವನು ಅನ್ನುವುದು ಇತ್ಯರ್ಥವಾಗಿಲ್ಲ. ಮೂರು ಮಣಿಗಳು ಹೊರಗೆ ಚಿಮ್ಮಿದವು, ಕೆಂಚರಾಯ ಮೆಟ್ಟಿ ಪುಡಿ ಮಾಡಿದ.

ಕನ್ನಡಿಗೆ ನುಗ್ಗಿದ. ಗಂಟೆ! ಕಿರೀಟ!

"ಏನಪ್ಪಾ ಇದು ಮೋಸ?"

"ಮೇಲೆ ನೋಡು," ಅಂದಿತು ಗೂಬೆ.

ಕನ್ನಡಿಯ ನೆತ್ತಿಗೆ ಒರಗಿ ಒಂದು ಕಪ್ಪು ಮೋಡ ನಿಂತಿತ್ತು. ಉಡದ ಹೊಟ್ಟೆಯಲ್ಲಿದ್ದುದರ ಪಡಿಯಚ್ಚು ಅದರಲ್ಲೂ ಇತ್ತು. ಕೆಳಗೆ ಅಳಿಸಿದೊಡನೆ ಮೇಲಿನಿಂದ ಮೂರು ಹನಿ ಬಿದ್ದು, ಮೂರು ಮಣಿಯಾಗಿ, ಮತ್ತೆ ಉಡದ ಬಾಯಿ ಸೇರಿದ್ದವು.

ಕೆಂಚರಾಯ ಕನ್ನಡಿಯ ಚೌಕಟ್ಟು ಹತ್ತಿ ಮೋಡದ ಸೆರಗು ಹಿಡಿದು ಕೆಳಗೆಳೆದ. ಒದ್ದೆ ಸೀರೆಯಂತೆ ಭಾರ. ಹಿಂಡಿಬಿಡೋಣ ಅಂದರೆ ಒಬ್ಬನಿಂದ ಆಗುವ ಕೆಲಸವಲ್ಲ. ಅರಮನೆಯಲ್ಲಿ ನೂರು ಆಳುಗಳಿದ್ದರೂ ಹೊಂಬಾಳೆ ತನ್ನ ಸೀರೆ ತಾನೇ ಒಗೆಯುತ್ತಿದ್ದಳು, ಹಿಂಡುವಾಗ ಆ ಕಡೆಯ ತುದಿ ಹಿಡಿಯುವವನು ಇವನೇ. ಈಗ ಆ ಕಡೆಯ ತುದಿ ಹಿಡಿಯುವವರು ಯಾರು? ಅಕ್ಕನ ಕಡೆ ತಿರುಗಿದ. ಆಮೇಲೆ ಮೋಡದ ಒಂದು ತುದಿಯನ್ನು ಅಕ್ಕನ ಚಾಚಿದ ಕಲ್ಲಿನ ಕೈಗೆ ಸುತ್ತಿ ಗಂಟು ಹಾಕಿದ.

"ಗಟ್ಟಿ ಹಿಡ್ಕೋ ಅಕ್ಕ," ಅಂದ.

ಹಿಂಡಿದ, ಹಿಂಡಿದ, ತಿರುಚಿ ತಿರುಚಿ ಹಿಂಡಿದ. ಕಲ್ಲಿನ ಕೈ ಬಿಡಲಿಲ್ಲ. ನೀರು ಕಾಲುವೆಯಾಗಿ ಹರಿದು ಮೂರು ಊರಿನ ಕೆರೆ ಕೋಡಿ ಬಿದ್ದವು. ಕೊನೆಗೆ ಮೋಡ ಕರವಸ್ತ್ರದಷ್ಟಾಯಿತು. ಅದನ್ನು ಬೇಲಿಯ ಮೇಲೆ ಒಣಗಲು ಹಾಕಿದ.

ಮೆಣಸಿನಕಾಯಿ ಬುಟ್ಟಿ ಎತ್ತಿಕೊಂಡು ಬರುವುದನ್ನು ಕಂಡ ಉಡ ಮುಂಗಾಲು ಮುಗಿಯಿತು. "ಬೇಡ ಮಾರಾಯ, ನಾನೇ ಕಕ್ಕುತ್ತೇನೆ!"

ಮಣಿ ಪುಡಿಯಾಯಿತು, ಅದರೊಡನೆ ತಲೆಯ ಮೇಲಿನ ಕಿರೀಟದ ಗೋಪುರವೂ ಮಾಯವಾಯಿತು. ಈಗಲಾದರೂ ಒಳಗೆ ಹೋಗೋಣವೆಂದರೆ ಕನ್ನಡಿ ಗೋಡೆಯಂತೆ ಗಟ್ಟಿಯಾಗಿತ್ತು.

"ಇನ್ನೊಂದು ಕಡೆ ಉಳಿದಿದೆ," ಅಂದಿತು ಗೂಬೆ. "ನಿನ್ನ ತಲೆ. ಆಟ ಗೊತ್ತಿರುವವರು ಹೊಸಬರ ಬಾಗಿಲಲ್ಲಿ ಬರುವ ಹಾಗಿಲ್ಲ."

ಇದನ್ನೇ ಕಾಯುತ್ತಿದ್ದವನಂತೆ ಹೊಗೆರಾಯ ಒಂದು ಚೆಂಬು ಹಿಡಿದು ಬಂದ. "ಮರೆವಿನ ಮಜ್ಜಿಗೆ, ಯುವರಾಜರೇ. ಇಂಗು, ಕರಿಬೇವು ಹಾಕಿಸಿದ್ದೇನೆ. ಒಂದೇ ಗುಟುಕು, ತಲೆ ತೊಳೆದಿಟ್ಟ ತಟ್ಟೆ!"

ಕೆಂಚರಾಯ ಚೆಂಬು ಬಾಯಿಗೆತ್ತಿದ. ಅಷ್ಟರಲ್ಲಿ ಪಕ್ಕದಲ್ಲಿ ಕಸ ಗುಡಿಸುತ್ತಿದ್ದ ಆಳು ಕಣ್ಣಿಗೆ ಬಿದ್ದ. ಅವನು ಪೊರಕೆ ಪಕ್ಕಕ್ಕಿಟ್ಟು ಒಬ್ಬ ಕಲ್ಲಿನ ಹೆಂಗಸಿನ ಪಾದವನ್ನು ತನ್ನ ಹೆಗಲ ವಲ್ಲಿಯಿಂದ ಒರೆಸುತ್ತಿದ್ದ.

"ಯಾರಪ್ಪಾ ಆಕೆ?" ಅಂತ ಕೇಳಿದ ಕೆಂಚರಾಯ.

"ಗೊತ್ತಿಲ್ಲ ಬುದ್ದಿ. ದಿನಾ ಒರೆಸದಿದ್ದರೆ ಯಾಕೋ ಊಟ ಸೇರೋಲ್ಲ."

ಕೆಂಚರಾಯನ ಕೈ ಅಲ್ಲೇ ನಿಂತಿತು. ಈ ಆಳುಗಳೆಲ್ಲ ಮಜ್ಜಿಗೆ ಕುಡಿದ ಆಟಗಾರರು! ಆಟದ ಜೊತೆಗೆ ಯಾರಿಗಾಗಿ ಆಡಬೇಕಿತ್ತೋ ಅವರನ್ನೂ ಮರೆತವರು. ಕುಡಿದರೆ ಅಕ್ಕ ಮರೆತುಹೋಗುತ್ತಾಳೆ. ಕುಡಿಯದಿದ್ದರೆ ಬಾಗಿಲು ತೆರೆಯುವುದಿಲ್ಲ. ಸಂಜೆಗೆ ಅಮಾವಾಸ್ಯೆ. ಅವನ ಕಣ್ಣಲ್ಲಿ ನೀರು ಬಂತು. ಆದರೆ ಸಾಸಿವೆ ಸಿಡಿಯದೆ ಇರುತ್ತದೆಯೇ? ಚೆಂಬು ಕೆಳಗಿಟ್ಟು ಗೂಬೆಗೆ ಹೇಳಿದ: "ಮೊದಲು ಪರೀಕ್ಷೆ ಮಾಡು. ನನ್ನ ತಲೆಯಲ್ಲಿ ಆಟ ಇದೆ ಅಂತ ಹೇಗೆ ಹೇಳ್ತೀಯ?"

"ನ್ಯಾಯದ ಮಾತು," ಅಂದಿತು ಗೂಬೆ. "ಆನೆ ಏನು ಹೇಳಿತು?"

ಕೆಂಚರಾಯ ತಲೆ ಕೆರೆದ. "ಏನೋ... ಹೊಟ್ಟೆನೋವು ಅಂತಲೋ?"

"ಅಜ್ಜಿ ಏನಂದಳು?"

"ಹೂಂ, ಆಯ್ತು ಅಂದವನು ನಾನು. ಅವಳೇನಂದಳು..."

"ಹುಲಿ?"

"ಹುಲಿ ಮಾತಾಡ್ತಾ?"

"ಹೋಗಲಿ, ಯಾವ ಯಾವ ದೀಪ ಮುಟ್ಟಿದೆ?"

"ಕೈಗೆ ಹತ್ತಿರ ಇದ್ದದ್ದು!"

ಗೂಬೆ ರೆಕ್ಕೆ ಬಡಿದು ನಕ್ಕಿತೆಂದರೆ ನಕ್ಕಿತು, ನಗುವಿನ ರಭಸಕ್ಕೆ ಅದರ ಕತ್ತು ಎರಡು ಸುತ್ತು ತಿರುಗಿತು. "ಹೊಗೆರಾಯಾ, ಈ ತಲೆಯಲ್ಲಿ ಅಳಿಸಲು ಏನೂ ಇಲ್ಲ! ಇವನು ಆಟ ಆಡಿಯೇ ಇಲ್ಲ. ಹೊಸಬ. ಬಾಗಿಲು ಬಿಡು!"

"ಅನ್ಯಾಯ!" ಅಂತ ಹೊಗೆರಾಯ ಕುಣಿದ. ಆದರೆ ನಿಯಮ ನಿಯಮವೇ. ಕನ್ನಡಿ ಮೊಸರಿನಂತೆ ಮೆತ್ತಗಾಯಿತು. ಕೆಂಚರಾಯನಿಗೆ ಒಂದು ಕಡೆ ಕುಣಿಯುವಷ್ಟು ಖುಷಿ, ಇನ್ನೊಂದು ಕಡೆ ಮುಖ ಮುಚ್ಚಿಕೊಳ್ಳುವಷ್ಟು ನಾಚಿಕೆ.

ಮೊದಲ ಹೆಜ್ಜೆಯಲ್ಲೇ ಹೊಂಬಾಳೆ ನಿಂತಿದ್ದಳು. ಕೆಂಚರಾಯ ಅವಳ ಕೈ ಹಿಡಿದು ನೋಡಿದ. ಬೆಚ್ಚಗಿತ್ತು.

"ಏನೋ ಹಾಗೆ ನೋಡ್ತೀಯಾ? ಮುಖಕ್ಕೆ ಮಸಿ ಮೆತ್ತಿದೆಯಾ?" ಅಂದಳು.

"ಏನಿಲ್ಲ ಅಕ್ಕ. ನಿಧಾನಕ್ಕೆ ಹೋಗೋಣ."

"ನಿಧಾನಕ್ಕಾ! ನೀನಾ! ಜ್ವರ ಗಿರ ಬಂದಿದೆಯೇನೋ?"

ಕೆರೆಯ ಏರಿಗೆ ಬೆನ್ನು ಕೊಟ್ಟು ಆನೆ ನಿಂತಿತ್ತು. 'ಓಡಿಸು' ಅಂದಿತು ಒಂದು ದೀಪ. 'ಬಳಸಿ ಹೋಗು' ಅಂದಿತು ಇನ್ನೊಂದು. ಕೆಂಚರಾಯ ಎರಡೂ ಕೈ ಹಿಂದಕ್ಕೆ ಕಟ್ಟಿಕೊಂಡ. "ಹೇಳಿ ಆನೆರಾಯರೇ, ಕೇಳ್ತೀನಿ."

"ಮಗೂ, ಈ ಏರಿ ಬಿರುಕು ಬಿಟ್ಟಿದೆ. ನಾನು ಸರಿದರೆ ಕೆಳಗಿನ ಊರು ಕೊಚ್ಚಿಹೋಗುತ್ತದೆ," ಅಂದಿತು ಆನೆ. ಹೋದ ಸಲ ತಾನು ಏನು ಮಾಡಿದ್ದಿರಬೇಕೆಂದು ಕೆಂಚರಾಯನಿಗೆ ಹೊಳೆಯಿತು. ಅಕ್ಕ ತಮ್ಮ ಸೇರಿ ಬಿರುಕಿಗೆ ಕಲ್ಲು ಮಣ್ಣು ತುಂಬಿ, ಏರಿಯನ್ನು ಬಳಸಿ ಹೋದರು.

ಮುಂದೆ ಗುಡಿಸಲು. ರೊಟ್ಟಿ ತಟ್ಟುತ್ತಿದ್ದ ಅಜ್ಜಿ ಬಾಯಿ ತೆರೆದಳು. 'ಹೊರಡು' ಅಂದಿತು ಒಂದು ದೀಪ, 'ಕೂತು ಕೇಳು' ಅಂದಿತು ಇನ್ನೊಂದು. ಕೆಂಚರಾಯ ಎರಡನೆಯದನ್ನು ಮುಟ್ಟಿ ಚಕ್ಕಳಮಕ್ಕಳ ಹಾಕಿ ಕೂತ. ಅಜ್ಜಿ ಮಂಡಿನೋವಿನಿಂದ ಶುರು ಮಾಡಿದಳು. ಅಲ್ಲಿಂದ ಸೊಸೆ, ಸೊಸೆಯ ತಂಗಿ, ಸೊಸೆಯ ತಂಗಿ ಮದುವೆಯಲ್ಲಿ ಉಪ್ಪು ಹೆಚ್ಚಾದ ಸಾರು. ಕೆಂಚರಾಯನ ನಾಲಿಗೆಯ ತುದಿಗೆ 'ಹೂಂ, ಆಯ್ತು' ಬಂತು. ಹಲ್ಲು ಕಚ್ಚಿ ನುಂಗಿದ. ಇನ್ನೊಮ್ಮೆ ಬಂತು, ಇನ್ನೊಮ್ಮೆ ನುಂಗಿದ. ಯಾವ ಯುದ್ಧದಲ್ಲೂ ಬೆವರದ ಯುವರಾಜ ಆ ಸಾರಿನ ಕತೆಗೆ ತೊಯ್ದು ತೊಪ್ಪೆಯಾದ.

ಎಲ್ಲ ಮುಗಿದ ಮೇಲೆ, ರೊಟ್ಟಿ ಗಂಟು ಕಟ್ಟಿಕೊಡುತ್ತಾ ಅಜ್ಜಿ ಅಂದಳು: "ಹಾಂ, ಮರೆತಿದ್ದೆ ಮಗಾ. ಆ ಸಿಂಹಾಸನದಲ್ಲಿ ಕೂರಬೇಡ, ಕೂತರೆ ಜೊತೆಗಿದ್ದವರು ಕಲ್ಲಾಗ್ತಾರೆ. ಮಗುಚಿ ಹಾಕು. ಅದರಡಿ ಹೊಗೆರಾಯನ ಪ್ರಾಣದ ಒಲೆ ಉರೀತಿದೆ. ಈ ಬಿಂದಿಗೆ ನೀರು ಸುರಿ."

ಕೊನೆಗೆ ಸರಪಳಿ ಹಾಕಿದ ಹುಲಿ. 'ಕೊಲ್ಲು' ಅಂದಿತು ಒಂದು ದೀಪ. 'ಬಿಡಿಸು' ಅಂದಿತು ಇನ್ನೊಂದು. ಕೆಂಚರಾಯ ಹುಲಿಯ ಕಡೆ ನೋಡಿದ.

"ನಿಜ ಹೇಳ್ತೀನಿ, ಯುವರಾಜಾ," ಅಂದಿತು ಹುಲಿ. "ಈಗಲೇ ಬಿಡಿಸಿದರೆ ನಿಮ್ಮಿಬ್ಬರನ್ನೂ ತಿಂದುಬಿಡ್ತೀನಿ. ಅಷ್ಟು ಹಸಿವು. ಮೊದಲು ಏನಾದರೂ ಹಾಕು."

ಗಂಟಿನ ರೊಟ್ಟಿಯನ್ನೆಲ್ಲ ಹಾಕಿದರು. ರೊಟ್ಟಿ ತಿನ್ನುವ ಹುಲಿ ಎಲ್ಲಿದೆ ಅಂತ ಕೇಳಬೇಡಿ, ಆ ಅಜ್ಜಿಯ ರೊಟ್ಟಿ ನೀವು ತಿಂದಿಲ್ಲ. ಹುಲಿ ತೇಗಿತು. ಸರಪಳಿ ಬಿಚ್ಚಿದರು. ಮೂವರೂ ಹೆಗಲು ಕೊಟ್ಟು ಸಿಂಹಾಸನವನ್ನು ಧಡಾರನೆ ಮಗುಚಿದರು. ಅಡಿಯಲ್ಲಿ ಒಂದು ಪುಟ್ಟ ಒಲೆ ಬುಸುಗುಡುತ್ತಿತ್ತು. ಹೊಂಬಾಳೆ ಬಿಂದಿಗೆ ಬಗ್ಗಿಸಿದಳು. ಚುಂಯ್!

ಹೊರಗೆ ತೋಟದಲ್ಲಿ ಹೊಗೆರಾಯ ಹೊಗೆಗಡ್ಡದಿಂದ ಶುರುವಾಗಿ ಕಾಲಿನವರೆಗೂ ಕರಗಿ, ಒಂದು ಹಿಡಿ ಬೂದಿಯಾದ. ಅವನೇ ಬೆಳೆಸಿದ ಬದನೆ ಗಿಡಕ್ಕೆ ಅದು ಗೊಬ್ಬರವಾಯಿತು. ಆನೆ, ಹುಲಿ, ಅಜ್ಜಿ ಎಲ್ಲರೂ ಕನ್ನಡಿಯಿಂದ ಹೊರಗೆ ಬಂದರು. ಕಲ್ಲುಗಳೆಲ್ಲ ಮೈಮುರಿದು ಆಕಳಿಸಿದವು. ವಲ್ಲಿ ಹಿಡಿದು ಕೂತಿದ್ದ ಆಳಿನ ಕೈಯೊಳಗೆ ಪಾದ ಬೆಚ್ಚಗಾಯಿತು. ಅವನು ತಲೆಯೆತ್ತಿದ. "ಗಂಗೀ," ಅಂದ. ಮರೆತ ಹೆಸರು ತಾನಾಗಿ ಬಾಯಿಗೆ ಬಂದಿತ್ತು.

"ಎಷ್ಟು ಸೊರಗಿದ್ದೀರಿ!" ಅಂದಳು ಅವಳು.

ಅಮಾವಾಸ್ಯೆಯ ಸಂಜೆ ಇಳಿಯುವ ಮೊದಲೇ ಎಲ್ಲರೂ ಊರ ದಾರಿ ಹಿಡಿದರು. ಮುಂದೆ ಆನೆ, ಹಿಂದೆ ಹುಲಿ, ನಡುವೆ ಅಜ್ಜಿಯ ಸೊಸೆಯ ಕತೆ. ಹೊಂಬಾಳೆ ತಮ್ಮನನ್ನು ಓರೆಗಣ್ಣಿಂದ ನೋಡಿದಳು. "ಆಗಿನಿಂದ ಕೈ ಬಿಡ್ತಾನೇ ಇಲ್ಲ. ನಾನೇನು ಜಾತ್ರೆಯಲ್ಲಿ ತಪ್ಪಿಸಿಕೊಳ್ಳೋ ಮಗುವಾ?"

ಹಿಂದಿನ ಆಟ ಅಳಿಸಿಹೋಗಿತ್ತು. ತಾನು ಕಲ್ಲಾಗಿದ್ದೆನೆಂಬುದು ಅವಳಿಗೆ ಗೊತ್ತೇ ಇರಲಿಲ್ಲ.

"ಊರು ಬರೋವರೆಗೆ ಇರಲಿ ಬಿಡಕ್ಕ," ಅಂದ ಕೆಂಚರಾಯ.

ಊರು ಬಂತು. ಆಗಲೂ ಬಿಡಲಿಲ್ಲ. ಅರಮನೆ ಬಂತು, ಊಟಕ್ಕೆ ಎಲೆ ಹಾಕಿದರು. ಅಕ್ಕ ಎಡಗೈಯಲ್ಲಿ ಅವನ ತಲೆಗೆ ಒಂದು ಮೊಟಕಿದ ಮೇಲೆಯೇ ಅವನು ಕೈ ಬಿಟ್ಟದ್ದು. ಆಮೇಲೆ ಗಿಲಕಿಪುರದಲ್ಲಿ ಎಲ್ಲರೂ ಹೊಟ್ಟೆ ತುಂಬ ಉಂಡು, ಕಣ್ಣು ತುಂಬ ನಿದ್ದೆ ಮಾಡಿ, ನೂರು ವರ್ಷ ಸುಖವಾಗಿದ್ದರು. ನೂರಾದ ಮೇಲೆ ಇನ್ನೂ ಸ್ವಲ್ಪ ದಿನ ಇದ್ದರು, ಹೋಗಲು ಮನಸ್ಸಾಗದೆ.