ಎರಡು ನಿಮಿಷದ ಸುಳ್ಳು

ಇಂಗ್ಲಿಷ್ ಪರೀಕ್ಷೆಯ ಫೀಸು ಅವಳ ಒಂದು ತಿಂಗಳ ಸಂಬಳಕ್ಕಿಂತ ತುಸು ಹೆಚ್ಚು. ಪರೀಕ್ಷೆ ನಡೆಯುವ ಊರಿಗೆ ಹೋಗಿಬರುವ ಬಸ್ಸು, ಉಳಿದುಕೊಂಡ ರೂಮು, ರಜೆ ಹಾಕಿದ್ದಕ್ಕೆ ಕತ್ತರಿಸಿದ ಸಂಬಳ ಬೇರೆ. ಇಷ್ಟೆಲ್ಲ ಸುರಿದು ಅವಳು ಮನೆಗೆ ತಂದದ್ದು ಒಂದು ಹಾಳೆ. ಒಂಬತ್ತರ ಲೆಕ್ಕದಲ್ಲಿ ಕೇಳುವುದಕ್ಕೆ ಎಂಟು, ಓದುವುದಕ್ಕೆ ಏಳೂವರೆ, ಬರೆಯುವುದಕ್ಕೆ ಏಳು. ಮಾತಿಗೆ ಮಾತ್ರ ಆರೂವರೆ.

ಹೊರದೇಶದ ಯೂನಿವರ್ಸಿಟಿ ಕೇಳಿದ್ದು ನಾಲ್ಕರಲ್ಲೂ ಏಳು. ಹೆರಿಗೆ ನರ್ಸಿಂಗ್‌ನ ಮೇಲಿನ ಓದಿಗೆ ಅವಳಿಗೆಂದೇ ಒಂದು ಸೀಟು ಎತ್ತಿಟ್ಟಿದ್ದರು. ಎರಡು ತಿಂಗಳೊಳಗೆ ಏಳು ತೋರಿಸದಿದ್ದರೆ ಅದು ಸಾಲಿನಲ್ಲಿ ಮುಂದಿನವರ ಪಾಲು. ಅಂದರೆ ಅರ್ಧ ಅಂಕಕ್ಕಾಗಿ ಮತ್ತೆ ಅಷ್ಟೂ ಖರ್ಚು. ಒಂದು ಗುಂಡಿ ಕಿತ್ತುಹೋಯಿತೆಂದು ಹೊಸ ಅಂಗಿಯನ್ನೇ ಹೊಲಿಸಿದ ಹಾಗೆ.

ಬೆಳಗಿನ ಪಾಳಿ ಮುಗಿಸಿ, ಯೂನಿಫಾರ್ಮಿನಲ್ಲೇ ಅವಳು ಕೋಚಿಂಗ್ ಸೆಂಟರಿನ ಮೆಟ್ಟಿಲು ಹತ್ತಿದಳು. ಬಾಗಿಲಲ್ಲೇ ಮೇಜು ಹಾಕಿಕೊಂಡು ಸೆಂಟರ್ ಯಜಮಾನರ ಹೆಂಡತಿ ಕೂತಿದ್ದರು. ಫೀಸು ವಸೂಲಿ ಅವರದೇ. ಸೆಂಟರಿಗೆ ಬರುವವರೆಲ್ಲ ಅವರನ್ನು ಕರೆಯುವುದು ಅತ್ತಿಗೆ ಎಂದೇ.

"ನನಗೆ ಬೇಕಾಗಿರೋದು ಅರ್ಧ ಅಂಕ. ಅರ್ಧ ಫೀಸು ತಗೋತೀರಾ?" ಎಂದಳು ಇವಳು.

"ಅರ್ಧ ಮುರಿದ ಹಲ್ಲು ಕೀಳೋಕೆ ನಿಮ್ಮ ಆಸ್ಪತ್ರೇಲಿ ಅರ್ಧ ಫೀಸು ತಗೋತಾರೇನಮ್ಮ?" ಅತ್ತಿಗೆ ರಸೀದಿ ಹರಿದೇ ಬಿಟ್ಟರು. "ಮೇಲಿನ ಕೋಣೇಲಿ ನನ್ನ ಮೈದುನ ಇದಾನೆ. ಕಲ್ಲನ್ನೂ ಮಾತಾಡಿಸ್ತಾನೆ, ಹೋಗು."

ಮೇಲಿನ ಕೋಣೆಯಲ್ಲಿ ಒಂದು ಮೇಜು, ಎರಡು ಕುರ್ಚಿ, ಒಂದು ಟೈಮರ್, ಪ್ರಶ್ನೆಯ ಕಾರ್ಡುಗಳು ತುಂಬಿದ ಒಂದು ಹಳೆಯ ಬಿಸ್ಕತ್ತು ಡಬ್ಬಿ. ಕಿವಿಯ ಹಿಂದೆ ಪೆನ್ನು ಸಿಕ್ಕಿಸಿಕೊಂಡ ಒಬ್ಬ ಮನುಷ್ಯ ಮೇಜಿನ ಕೆಳಗೆ ಬಗ್ಗಿ ಏನನ್ನೋ ಹುಡುಕುತ್ತಿದ್ದ.

"ಪೆನ್ನಾ ಸರ್?"

"ಹೌದು, ಈಗ ತಾನೇ ಇಲ್ಲಿತ್ತು..."

"ಎಡಗಿವಿ."

ಅವನು ಕಿವಿ ಮುಟ್ಟಿಕೊಂಡ. ಅವಳು ನಗಲಿಲ್ಲ. ನಗದೇ ಇರಲು ಅವಳು ಪಟ್ಟ ಕಷ್ಟ ಮಾತ್ರ ಅವನಿಗೆ ಚೆನ್ನಾಗಿ ಕಂಡಿತು.

ಸೆಂಟರಿನಲ್ಲಿ ಎಲ್ಲರಿಗೂ ಅವನು ಮೇಷ್ಟ್ರು. ಆ ಕೋಣೆಗೆ ಅವನದೊಂದು ಕಾನೂನಿತ್ತು. ಟೈಮರ್ ಓಡುವಾಗ ಇಂಗ್ಲಿಷ್, ನಿಂತಾಗ ಕನ್ನಡ. ಒಂದು ಕಾರ್ಡು ಎತ್ತಬೇಕು, ಒಂದು ನಿಮಿಷ ಯೋಚಿಸಬೇಕು, ಎರಡು ನಿಮಿಷ ನಿಲ್ಲಿಸದೆ ಮಾತಾಡಬೇಕು. ಪರೀಕ್ಷೆಯಲ್ಲೂ ಹಾಗೇ.

ಅವಳಿಗೆ ಬಂದ ಮೊದಲ ಕಾರ್ಡು, ಮರೆಯಲಾಗದ ಒಂದು ಪ್ರಯಾಣ. ಟೈಮರ್ ಓಡತೊಡಗಿತು. ಅವಳು ನೆಟ್ಟಗೆ ಕೂತು ಇಂಗ್ಲಿಷಿನಲ್ಲಿ ಒಪ್ಪಿಸಿದಳು: "ಬಾಲ್ಯದಲ್ಲಿ, ತಂದೆಯ ಜೊತೆ, ರೈಲಿನಲ್ಲಿ. ಸಮುದ್ರ ನೋಡಿದೆ. ಒಂದು ಸಲ ವಾಂತಿ. ಮರಳುವಾಗ ಸ್ಥಿತಿ ಸ್ಥಿರ."

ಮೇಷ್ಟ್ರು ಟೈಮರ್ ನಿಲ್ಲಿಸಿದ. "ಇದು ಪ್ರಯಾಣಾನಾ, ಕೇಸ್ ಶೀಟಾ?"

"ಪಾಳಿ ಬದಲಾಗುವಾಗ ನಾವು ಹಿಂಗೇ ಸರ್ ಹೇಳೋದು. ಮುಂದಿನ ಪಾಳಿಯವರಿಗೆ ಬೇಕಾದಷ್ಟು ಮಾತ್ರ. ಕಥೆ ಹೊಡೆದರೆ ಹೆಡ್ ನರ್ಸ್ ಬೈತಾರೆ."

"ಇಲ್ಲಿ ಕಥೆ ಹೊಡೀದೇ ಇದ್ರೆ ನಾನು ಬೈತೀನಿ. ಸಮುದ್ರ ಹೇಗಿತ್ತು?"

"ದೊಡ್ಡದಿತ್ತು."

"ಆಮೇಲೆ?"

"ಒದ್ದೆಯಾಗಿತ್ತು."

ಅವನು ಎರಡೂ ಕೈಯಿಂದ ಮುಖ ಮುಚ್ಚಿಕೊಂಡ. ಬೆರಳುಗಳ ಸಂದಿಯಿಂದ ನೋಡಿದರೆ ಅವಳ ಕಣ್ಣು ನಗುತ್ತಿತ್ತು. ಬೇಕೆಂದೇ ಹೇಳಿದ್ದು ಎಂದು ಆಗ ಗೊತ್ತಾಯಿತು.

ಅವಳ ಕಾಯಿಲೆ ಮೇಷ್ಟ್ರಿಗೆ ಬೇಗ ಅರ್ಥವಾಯಿತು. ಇಂಗ್ಲಿಷಿಗೆ ಕೊರತೆಯಿರಲಿಲ್ಲ, ಮಾತಿಗೆ ಬೀಗವಿತ್ತು. ಕಂಡದ್ದನ್ನು ಮಾತ್ರ, ಬೇಕಾದಷ್ಟು ಮಾತ್ರ ಹೇಳುವುದು ಅವಳಿಗೆ ರೂಢಿ. ಅದಕ್ಕೆ ಅವನು ತನ್ನ ಹಳೆಯ ಮದ್ದು ಕೊಟ್ಟ.

"ಸುಳ್ಳು ಹೇಳಿ."

"ಏನಂದ್ರಿ?"

"ಪರೀಕ್ಷೆ ಮಾಡೋರು ನಿಮ್ಮ ಮಾತು ಅಳೀತಾರೆ, ನಿಮ್ಮ ಜಾತಕ ನೋಡಲ್ಲ. ಉರು ಹೊಡೆದದ್ದು ಮಾತ್ರ ಬೇಡ, ಅದನ್ನ ವಾಸನೆ ಹಿಡೀತಾರೆ. ಆ ಕ್ಷಣಕ್ಕೆ ಹುಟ್ಟಿದ ತಾಜಾ ಸುಳ್ಳು ಹೇಳಿ."

"ಕೊಡದೇ ಇರೋ ಮಾತ್ರೆ ಕೊಟ್ಟೆ ಅಂತ ಯಾವತ್ತೂ ಬರೆದವಳಲ್ಲ ನಾನು."

"ಟೈಮರ್ ನಿಂತ ಮೇಲೆ ಬರೀಬೇಡಿ. ಓಡುವಾಗ ಏನು ಬೇಕಾದರೂ ಹೇಳಿ. ಅದರ ಪಾಪ ನನಗಿರಲಿ."

ಮೊದಲ ವಾರ ಅವಳ ಸುಳ್ಳುಗಳು ಕುಂಟಿದವು. ಆಮೇಲೆ ರುಚಿ ಹತ್ತಿತು. ಇಲ್ಲದ ಅಣ್ಣನಿಗೆ ದೋಣಿ ಕೊಡಿಸಿದಳು. ಸಾಕದ ನಾಯಿಗೆ ಈಜು ಕಲಿಸಿದಳು. ಬೆಟ್ಟ ಹತ್ತಿದಳು, ಬಿದ್ದಳು, ಬಿದ್ದಾಗ ಹಿಡಿದುಕೊಂಡ ಕೊಂಬೆಯ ಮೇಲೆ ಹಕ್ಕಿಗೂಡೊಂದನ್ನು ಇಟ್ಟು ಅದರಲ್ಲಿ ಮೂರು ಮೊಟ್ಟೆಯನ್ನೂ ಇಟ್ಟಳು. ಮೇಷ್ಟ್ರು ಅಂಕ ಹಾಕುವುದನ್ನು ಮರೆತು, ಬಾಯಿ ತೆರೆದು ಕೇಳುತ್ತಿದ್ದ.

ಅವಳ ಯೂನಿಫಾರ್ಮಿನ ಎದೆಯ ಮೇಲೆ ನರ್ಸುಗಳ ಪುಟ್ಟ ಗಡಿಯಾರ ತಲೆಕೆಳಗಾಗಿ ತೂಗುತ್ತಿತ್ತು. ಕ್ಲಾಸು ಮುಗಿಯುವ ಹೊತ್ತು ಹತ್ತಿರ ಬಂದಂತೆಲ್ಲ ಅವನ ಕಣ್ಣು ಅತ್ತ ಹೋಗುವುದು.

"ಟೈಮ್ ನೋಡ್ತಿದ್ದೀರಾ ಸರ್?" ಒಂದು ದಿನ ಅವಳು ಕೇಳಿಯೇಬಿಟ್ಟಳು.

"ಹೂಂ... ಮತ್ತಿನ್ನೇನು?" ಅವನ ಕಿವಿಗಳು ಕೆಂಪಾದವು.

"ನಿಮ್ಮ ಕೈಯಲ್ಲೇ ಒಂದು ವಾಚಿದೆ. ಓಡ್ತಾನೂ ಇದೆ."

ಇನ್ನೊಂದು ದಿನ ಕೇಳಿದಳು, "ಇಲ್ಲಿ ಎಲ್ಲರೂ ನನ್ನನ್ನ ಸಿಸ್ಟರ್ ಅಂತ ಕರೀತಾರೆ. ನೀವೊಬ್ಬರು ಮಾತ್ರ 'ರೀ', 'ನೋಡಿ', 'ಕೇಳಿಸ್ಕೊಳ್ಳಿ'. ಯಾಕೆ?"

ಮೇಷ್ಟ್ರು ಡಬ್ಬಿಯ ಕಾರ್ಡುಗಳನ್ನು ಕಲಸಿದ, ಮತ್ತೂ ಕಲಸಿದ. "ಮನೇಲಿ ಒಬ್ಬಳು ತಂಗಿ ಇದಾಳೆ. ನನಗೆ ಅವಳೊಬ್ಬಳೇ ಸಾಕು."

ಆ ದಿನ ಅವಳು ಮೆಟ್ಟಿಲಿಳಿಯುವಾಗ ಏನನ್ನೋ ಗುನುಗುತ್ತಿದ್ದಳೆಂದು ಅತ್ತಿಗೆ ಗಮನಿಸಿದರು. ಅವರ ಕಣ್ಣು ತಪ್ಪಿಸಿ ಆ ಮೆಟ್ಟಿಲಲ್ಲಿ ಇರುವೆಯೂ ಓಡಾಡುತ್ತಿರಲಿಲ್ಲ.

ಕಷ್ಟವೆಂದರೆ, ಅವಳ ಮಾತು ಚಿಗುರಿದಷ್ಟೂ ಅವಳು ಹೊರಡುವ ದಿನ ಹತ್ತಿರ ಬರುತ್ತಿತ್ತು. ಹಕ್ಕಿಗೆ ರೆಕ್ಕೆ ಕಟ್ಟುತ್ತ ಕೂತವನಿಗೆ ಕಿಟಕಿ ತೆರೆದಿರುವುದು ಕಾಣದೇ? ಆದರೂ ಅವನು ಒಂದು ದಿನವೂ ಕಲಿಸುವುದರಲ್ಲಿ ಕೈ ಬಿಗಿಹಿಡಿಯಲಿಲ್ಲ.

ಪರೀಕ್ಷೆಗೆ ವಾರವಿರುವಾಗ ಅವಳ ಕೈಗೆ ಆ ಕಾರ್ಡು ಬಂತು. ನೀವು ಇನ್ನಷ್ಟು ಕಾಲ ಜೊತೆಗಿರಬೇಕೆಂದು ಬಯಸುವ ಒಬ್ಬ ವ್ಯಕ್ತಿ.

ಅವಳು ಅದನ್ನು ಓದಿದಳು. ಮೇಷ್ಟ್ರ ಕಡೆ ನೋಡಿದಳು, ಕಿಟಕಿಯ ಕಡೆ ನೋಡಿದಳು, ಕಾರ್ಡನ್ನು ಮಗುಚಿಟ್ಟಳು. ನಿಮಿಷ ಕಳೆಯಿತು.

"ಅವರು ನಾನು ಓದಲು ಹೋಗಬೇಕಾದ ಊರಿನಲ್ಲೇ ಇದ್ದಾರೆ," ಎಂದು ಇಂಗ್ಲಿಷಿನಲ್ಲಿ ಶುರುಮಾಡಿದಳು. "ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ. ಮೈಕ್ರೋಸ್ಕೋಪಿನಲ್ಲಿ ನೋಡಿ ನೋಡಿ, ಈಗ ಮನುಷ್ಯರನ್ನು ನೋಡುವಾಗಲೂ ಒಂದು ಕಣ್ಣು ಕಿರಿದು ಮಾಡುತ್ತಾರೆ. ಅಡುಗೆ ಕಲಿಯುತ್ತಿದ್ದಾರೆ, ನಾನು ಬರುವಷ್ಟರಲ್ಲಿ ಉಪ್ಪಿನ ಹದ ಹಿಡಿಯಬೇಕಂತೆ. ಅವರ ಮನೆಯ ಕಿಟಕಿಯಲ್ಲಿ ಎರಡು ಕುರ್ಚಿಗಳಿವೆ. ಒಂದರಲ್ಲಿ ಅವರು ಕೂರುವುದೇ ಇಲ್ಲ..."

ಎಲ್ಲೂ ತಡವರಿಸಲಿಲ್ಲ. ಟೈಮರ್ ಕೂಗಿದಾಗಲೂ ವಾಕ್ಯವನ್ನು ಮುಗಿಸಿಯೇ ನಿಲ್ಲಿಸಿದಳು. ಆಮೇಲೆ ಬಹುಮಾನಕ್ಕೆ ಕಾಯುವ ಹುಡುಗಿಯ ಹಾಗೆ ಅವನನ್ನು ನೋಡಿ ನಕ್ಕಳು.

ಇಷ್ಟು ವರ್ಷ ಮಾತು ಕಲಿಸಿ ಮೇಷ್ಟ್ರಿಗೆ ಒಂದು ನಂಬಿಕೆ ಬಲಿತಿತ್ತು. ಕಟ್ಟಿ ಹೇಳುವವರು ಪದಕ್ಕಾಗಿ ಸೂರು ನೋಡುತ್ತಾರೆ. ಕಂಡು ಹೇಳುವವರು ನೋಡುವುದಿಲ್ಲ. ಇವಳು ಸೂರು ನೋಡಿರಲಿಲ್ಲ. ಹಾಗಾದರೆ ಆ ಲ್ಯಾಬಿನವನು ಇದ್ದಾನೆ. ಆ ಕುರ್ಚಿಯೂ ಇದೆ.

"ಏಳೂವರೆ," ಎಂದ ಅವನು. "ನೀವು ತಯಾರಾಗಿದ್ದೀರಿ. ನಾಳೆಯಿಂದ ಬರೋದು ಬೇಡ."

"ಇನ್ನೂ ಒಂದು ಕ್ಲಾಸ್ ಬಾಕಿ ಇದೆಯಲ್ಲ?"

"ಅದರ ಅಗತ್ಯ ಇಲ್ಲ."

ಅವಳ ನಗು ಮುಖದ ಮೇಲೆ ಒಂದು ಕ್ಷಣ ದಿಕ್ಕು ತೋಚದೆ ನಿಂತು, ಆಮೇಲೆ ಇಳಿದುಹೋಯಿತು. ಕೆಳಗೆ ಬಂದು ಅತ್ತಿಗೆಯ ಮೇಜಿನ ಮುಂದೆ ನಿಂತಳು.

"ಕ್ಲಾಸ್ ಬೇಡ ಅಂದರು. ಹಾಗಾದರೆ ಒಂದು ಕ್ಲಾಸಿನ ದುಡ್ಡು ವಾಪಸ್ ಕೊಡಿ."

ಅತ್ತಿಗೆ ಅವಳ ಮುಖವನ್ನು ದಿಟ್ಟಿಸಿ ನೋಡಿದರು. "ವಾಪಸ್ ಕೊಡೋ ಪದ್ಧತಿ ಈ ಮನೇಲೇ ಇಲ್ಲಮ್ಮ. ನಾಳೆ ಇದೇ ಹೊತ್ತಿಗೆ ಬಾ. ಅವನು ಕಲಿಸದೇ ಇದ್ರೆ ನಾನು ಕಲಿಸ್ತೀನಿ, ಅವನಿಗೆ."

ಅವಳು ಹೋದದ್ದೇ ತಡ, ಮೈದುನನನ್ನು ಕೆಳಗೆ ಕರೆದರು.

"ಮುಖ ಯಾಕೆ ಹಂಗೆ ಜೋತುಬಿದ್ದಿದೆ?"

"ಏನಿಲ್ಲ ಅತ್ತಿಗೆ."

"ಏನಿಲ್ಲ ಅನ್ನೋ ಮುಖಾನ ನಾನು ದಿನಾ ನೋಡ್ತೀನಿ, ಅದು ಇದಲ್ಲ."

ಅವನು ರಸೀದಿ ಪುಸ್ತಕದ ತುದಿ ಮಡಚಿದ, ಬಿಡಿಸಿದ. "ಅವಳಿಗೆ ಅಲ್ಲಿ ಯಾರೋ ಕಾಯ್ತಿದ್ದಾರೆ."

"ಯಾರು ಹೇಳಿದ್ದು?"

"ಅವಳೇ."

"ಟೈಮರ್ ಓಡ್ತಿತ್ತೋ, ನಿಂತಿತ್ತೋ?"

"ಓಡ್ತಿತ್ತು," ಎಂದ ಮೇಷ್ಟ್ರು, ರಸೀದಿ ಪುಸ್ತಕ ನೋಡುತ್ತ.

"ಅಯ್ಯೋ ಪುಣ್ಯಾತ್ಮ," ಅತ್ತಿಗೆ ಹಣೆ ಚಚ್ಚಿಕೊಂಡರು. "ನಿನ್ನಂಗಡಿ ಮಾಲನ್ನ ನೀನೇ ಕೊಂಡ್ಕೊಂಡ್ಯಾ?"

ಮರುದಿನ ಅವಳು ಬಂದಳು. ಬಂದವಳು ನೇರ ಮೇಷ್ಟ್ರ ಕುರ್ಚಿಯಲ್ಲಿ ಕೂತಳು. ಎದೆಯ ಮೇಲಿನ ಗಡಿಯಾರ ಬಿಚ್ಚಿ ಮೇಜಿನ ಮೇಲಿಟ್ಟು, ಅವನತ್ತ ತಿರುಗಿಸಿದಳು.

"ಇವತ್ತು ಪರೀಕ್ಷೆ ಮಾಡೋಳು ನಾನು. ದುಡ್ಡು ಕೊಟ್ಟ ಕ್ಲಾಸ್ ಇದು, ನನಗೆ ಬೇಕಾದ ಹಾಗೆ ನಡೀಬೇಕು. ಕೂತ್ಕೊಳ್ಳಿ."

ಅವನು ಕೂತ. ಅವಳು ಡಬ್ಬಿಗೆ ಕೈ ಹಾಕಲಿಲ್ಲ. ಪ್ರಶ್ನೆಯನ್ನು ತಾನೇ ಹೇಳಿದಳು. ಬೇಕೆಂದು ಅನಿಸಿಯೂ ನೀವು ಕೈಬಿಟ್ಟದ್ದರ ಬಗ್ಗೆ ಮಾತಾಡಿ. ಟೈಮರ್ ಒತ್ತಿದಳು.

ಮೇಷ್ಟ್ರ ಇಂಗ್ಲಿಷ್ ಮೊದಲು ನೀರಿನಂತೆ ಹರಿಯಿತು. "ಒಂದು ಕಾಲದಲ್ಲಿ ನಾನೂ ಈ ಪರೀಕ್ಷೆ ಬರೆದೆ. ಎಂಟೂವರೆ ಬಂತು. ಆ ಅಂಕಕ್ಕೆ ಆಯುಸ್ಸು ಎರಡೇ ವರ್ಷ. ಅಣ್ಣ ಆಗಷ್ಟೇ ಸೆಂಟರ್ ತೆರೆದಿದ್ದ, ಸಹಾಯಕ್ಕೆ ಉಳಿದೆ. ನೋಡುನೋಡುತ್ತ ಅಂಕ ತೀರಿಕೊಂಡಿತು. ಅದಕ್ಕಾಗಿ ನಾನು ಅತ್ತವನಲ್ಲ. ಎರಡನೆಯದು..."

ಅಲ್ಲಿ ನಿಂತಿತು. ಅವನು ಸೂರು ನೋಡಿದ.

"ಎರಡನೆಯದು?" ಅವಳು ಇಂಗ್ಲಿಷಿನಲ್ಲೇ ಕೇಳಿದಳು.

"ಒಬ್ಬಳು. ನರ್ಸು. ಮಾತಿಲ್ಲದೆ ಬಂದಳು. ಈಗ ಮಾತಿದೆ. ಹೊರಡುತ್ತಾಳೆ." ಮತ್ತೆ ನಿಂತ. "ನನ್ನ ಸ್ಥಿತಿ... ಸ್ಥಿರವಾಗಿಲ್ಲ."

ಟೈಮರಿನಲ್ಲಿ ಇನ್ನೂ ಅರ್ಧಕ್ಕರ್ಧ ಉಳಿದಿತ್ತು. ಅವಳು ಕೈ ಚಾಚಿ ನಿಲ್ಲಿಸಿದಳು.

ಕೆಳಗೆ ಮೆಟ್ಟಿಲ ಬುಡದಲ್ಲಿ ಅತ್ತಿಗೆಯ ಬಳೆಗಳ ಸದ್ದೂ ನಿಂತಿತು.

"ನಿಂತಿದೆ," ಎಂದಳು ಕನ್ನಡದಲ್ಲಿ. "ಈಗ ಹೇಳಿ."

"ಮೊದಲು ನೀವು ಹೇಳಿ. ಆ ಲ್ಯಾಬಿನವನು?"

"ಯಾವ ಲ್ಯಾಬಿನವನು?" ಅವಳ ಹುಬ್ಬು ಮೇಲೇರಿತು. ಒಂದು ಗಳಿಗೆ ಕಳೆದು ಅರ್ಥವಾಯಿತು. "ರೀ ಮೇಷ್ಟ್ರೇ! ಸುಳ್ಳು ಹೇಳಿ ಅಂತ ಕಲಿಸಿದವರು ನೀವೇ, ನಂಬಿದವರೂ ನೀವೇನಾ?"

"ಒಂದು ಸಲವೂ ತಡವರಿಸಲಿಲ್ಲ ನೀವು..."

"ಇಲ್ಲದವನ ಬಗ್ಗೆ ಯಾಕೆ ತಡವರಿಸಲಿ? ಆ ಕಾರ್ಡಿಗೆ ನಿಜ ಹೇಳೋಕೆ ಹೊರಟಿದ್ದೆ. ನಿಮ್ಮ ಮುಖ ನೋಡಿದೆ, ಬಾಯಿ ಒಣಗಿತು. ಎರಡು ನಿಮಿಷ ತುಂಬಿಸಬೇಕಲ್ಲ, ಪಾಪ, ಅವನನ್ನ ಹುಟ್ಟಿಸಿದೆ."

ಮೇಷ್ಟ್ರ ಮುಖದಲ್ಲಿ ಬೆಳಕು ಬಂದ ರೀತಿಯನ್ನು ಅವಳು ಆಮೇಲೆ ಎಷ್ಟೋ ದಿನ ನೆನೆದು ನಕ್ಕಳು. ಕರೆಂಟು ಹೋಗಿದ್ದ ಮನೆಗೆ ಒಮ್ಮೆಲೇ ಬಂದು, ಫ್ಯಾನು, ರೇಡಿಯೋ, ದೀಪ ಎಲ್ಲ ಒಟ್ಟಿಗೆ ಶುರುವಾದ ಹಾಗೆ.

"ನೀವಂದ್ರೆ ನನಗೆ ಇಷ್ಟ," ಎಂದ. "ನಿಮಗೆ ಏಳು ಬರಲಿ ಅಂತ ಕಲಿಸ್ತಾ, ಬರದೇ ಇದ್ರೆ ಏನು ಅಂತ ಒಂದ್ಸಲ ಅನ್ನಿಸಿತ್ತು."

"ಒಂದೇ ಸಲಾನಾ?"

"ಟೈಮರ್ ನಿಂತಿದೆಯಲ್ಲ... ದಿನಾ ಅನ್ನಿಸ್ತಿತ್ತು."

ಅವಳು ಗಡಿಯಾರವನ್ನು ಮತ್ತೆ ಎದೆಗೆ ಸಿಕ್ಕಿಸಿಕೊಂಡಳು.

"ನನಗೆ ನೀವೂ ಬೇಕು, ಆ ಸೀಟೂ ಬೇಕು. ಒಂದು ಬಿಡು ಅಂದ್ರೆ ಬಿಡೋಳಲ್ಲ."

"ಬಿಡು ಅಂತ ನಾನು ಅನ್ನೋನೂ ಅಲ್ಲ."

"ಸತ್ತುಹೋದ ನಿಮ್ಮ ಅಂಕಕ್ಕೆ ಮತ್ತೆ ಜೀವ ಬರತ್ತಾ?"

"ಫೀಸು ಕಟ್ಟಿ ಪರೀಕ್ಷೆ ಬರೆದ್ರೆ ಬರತ್ತೆ."

"ಹಾಗಾದ್ರೆ ಕಟ್ಟಿ. ಹೆಂಡತಿ ವೀಸಾದ ಮೇಲೆ ಅವಳ ಹಿಂದೆ ಬರೋ ಗಂಡನಿಗೆ ಅಂಕ ಬೇಕಿಲ್ಲ ಅಂತಾರೆ. ಆದರೆ ನೀವು ನನ್ನ ಹಿಂದೆ ಬರೋದು ಬೇಡ, ನಿಮ್ಮ ಓದಿಗೇ ಬನ್ನಿ."

"ಹೆಂಡತಿ?"

"ಕೇಳಿಸ್ಕೊಳ್ಳೋದರಲ್ಲಿ ನಿಮಗೆ ಎಷ್ಟು ಬಂದಿತ್ತು ಸರ್?"

ಕೆಳಗಿನಿಂದ ಅತ್ತಿಗೆಯ ದನಿ ಬಂತು: "ಕ್ಲಾಸ್ ಮುಗೀತಾ, ನಾನೂ ಮೇಲೆ ಬರಬಹುದಾ?"

ಪರೀಕ್ಷೆಯ ದಿನ ಅವಳಿಗೆ ಬಂದ ಕಾರ್ಡು, ನಿಮಗೆ ಏನನ್ನಾದರೂ ಕಲಿಸಿಕೊಟ್ಟ ಒಬ್ಬ ವ್ಯಕ್ತಿ. ದೋಣಿಯ ಅಣ್ಣ, ಈಜುವ ನಾಯಿ, ಎಲ್ಲ ಸಾಲಾಗಿ ಬಂದು ನಿಂತರು. ಅವಳು ಯಾರನ್ನೂ ಕರೆಯಲಿಲ್ಲ. ಕಿವಿಯ ಹಿಂದೆ ಪೆನ್ನಿಟ್ಟುಕೊಂಡು ಪೆನ್ನು ಹುಡುಕುವ ಮನುಷ್ಯನ ಬಗ್ಗೆ ನಿಜವನ್ನೇ ಹೇಳಿದಳು. ಎರಡು ಕಡೆ ತಡವರಿಸಿದಳು. ಒಂದು ಕಡೆ ನಕ್ಕುಬಿಟ್ಟಳು. ಪರೀಕ್ಷೆ ಮಾಡುತ್ತಿದ್ದಾಕೆಯೂ ನಕ್ಕರು.

ಮಾತಿಗೆ ಏಳು ಬಂತು. ಏಳೇ.

"ಸುಳ್ಳು ಹೇಳಿದ್ದಿದ್ರೆ ಏಳೂವರೆ ಬರ್ತಿತ್ತು," ಎಂದ ಮೇಷ್ಟ್ರು ಹಾಳೆ ನೋಡುತ್ತ.

"ನಿಮಗೋಸ್ಕರ ಅರ್ಧ ಅಂಕ ಕಳ್ಕೊಂಡೆ. ನೆನಪಿಟ್ಕೊಳ್ಳಿ."

ಹೊರಡುವ ಮುಂಚೆ ರಿಜಿಸ್ಟ್ರಾರ್ ಕಚೇರಿಯಲ್ಲಿ ಸಹಿ ಹಾಕಿ ಮದುವೆಯಾದರು. ಅತ್ತಿಗೆ ಸಾಕ್ಷಿ ಸಹಿ ಹಾಕಿ, "ರಸೀದಿ ಕೊಡಲ್ವಾ?" ಎಂದು ಅಧಿಕಾರಿಯನ್ನೇ ಕೇಳಿದರು.

ವಿಮಾನ ನಿಲ್ದಾಣಕ್ಕೆ ಹೋಗುವ ಬಸ್ಸು ಬೆಳಗಿನ ಬಿಸಿಲಿನಲ್ಲಿ ಬಂದು ನಿಂತಿತು. ಕಲ್ಲನ್ನೂ ಮಾತಾಡಿಸುವ ಮೇಷ್ಟ್ರು ಅಂದು ಅವಳ ಪೆಟ್ಟಿಗೆಯ ಪಟ್ಟಿಯನ್ನೇ ಮತ್ತೆ ಮತ್ತೆ ಬಿಗಿಯುತ್ತಿದ್ದ. ಅವಳು ಅವನ ಕಿವಿಯ ಹಿಂದಿನ ಪೆನ್ನು ತೆಗೆದು ಜೇಬಿಗೆ ಸಿಕ್ಕಿಸಿ, ಅತ್ತಿಗೆಯ ಕಡೆ ತಿರುಗಿ ನೆಟ್ಟಗೆ ನಿಂತಳು. ಪಾಳಿ ಬದಲಾಗುವಾಗ ನಿಲ್ಲುವ ಹಾಗೆ.

"ಪೇಷಂಟು ಗಂಡಸು. ಎರಡು ದಿನದಿಂದ ಊಟ ಸರಿಯಿಲ್ಲ, ನಿದ್ದೆ ಇಲ್ಲ. ಜ್ವರ ಇಲ್ಲ. ಮುಂದಿನ ತಿಂಗಳು ಪರೀಕ್ಷೆ ಇದೆ, ಓದಿಸಬೇಕು. ಪೆನ್ನು ಹುಡುಕಿದರೆ ಜೇಬು ತೋರಿಸಿ."

"ಸ್ಥಿತಿ?" ಅತ್ತಿಗೆ ಗಂಭೀರವಾಗಿ ಕೇಳಿದರು.

ಅವಳು ಅವನ ಕೈ ಹಿಡಿದು ನಾಡಿ ನೋಡಿದಳು. ಬೇಕಾದ್ದಕ್ಕಿಂತ ಬಹಳ ಹೊತ್ತು ನೋಡಿದಳು.

"ಸ್ಥಿರ," ಎಂದಳು.

"ಹೋಗಿ ಬಾ," ಎಂದ ಅವನು. ಮೊದಲ ಸಲ ಏಕವಚನದಲ್ಲಿ ಕರೆದದ್ದು ಇಬ್ಬರಿಗೂ ಕೇಳಿಸಿತು.

ಬಸ್ಸು ತಿರುವಿನಲ್ಲಿ ಮರೆಯಾಯಿತು. ಅವಳಿಗೆ ಏಳು ಸಿಕ್ಕಿತು, ಸೀಟು ಸಿಕ್ಕಿತು, ಹಿಂದೆಯೇ ಬರುವ ಒಬ್ಬ ಗಂಡ ಸಿಕ್ಕಿದ. ಅವನಿಗೆ ಅವಳು ಸಿಕ್ಕಿದಳು. ಹೋದದ್ದು, ಅವಳು ಬರುತ್ತಿದ್ದ ಮಧ್ಯಾಹ್ನದ ಆ ಒಂದು ಗಂಟೆ.