ಕೆಂಪು ಕಾಣದ ಡಬ್ಬಿ

"ಇದು ಯಾರು, ಹೇಳ್ರಿ."

ಗುರುಶಾಂತಮ್ಮ ಫೋಟೋವನ್ನು ಮೇಜಿನ ಮೇಲೆ ಬಡಿದಿಟ್ಟಳು. ರಾಯದುರ್ಗದ ಕೋಟೆ ಬೆಟ್ಟದ ಬುಡದಲ್ಲಿ, ಪೇಟೆ ಬೀದಿಯ ಕೊನೆಗಿದ್ದ ಆ ಚಿಕ್ಕ ಸ್ಟುಡಿಯೋದೊಳಗೆ ಬೆಳಗಿನ ಬಿಸಿಲು ಆಗಷ್ಟೇ ಕಾಲಿಡುತ್ತಿತ್ತು. ಮರುಳಪ್ಪ ಕ್ಯಾಮೆರಾದ ಹಿಂದಿನ ಕರಿ ಬಟ್ಟೆಯೊಳಗಿಂದ ತಲೆ ಹೊರಗೆ ತೆಗೆದ. ಕೂದಲೆಲ್ಲ ಕೆದರಿತ್ತು.

ಬಾಗಿಲಲ್ಲಿ ಅವಳ ಸೋದರತ್ತೆ ದ್ಯಾಮಮ್ಮ ಏದುಸಿರು ಬಿಡುತ್ತಾ ನಿಂತಿದ್ದಳು. "ನಿಧಾನಕ್ಕ ನಡಿಯೇ ಅಂದ್ರ ಕೇಳಲ್ಲ ಈಕಿ. ಒಂದಿಷ್ಟು ನೀರು ಕೊಡ್ರಿ."

ಮರುಳಪ್ಪ ಹೂಜಿಯಿಂದ ನೀರು ಬಗ್ಗಿಸಿ ಕೊಟ್ಟು, ಫೋಟೋ ಎತ್ತಿಕೊಂಡು ನೋಡಿದ. "ನೀವೇ ಅಲ್ಲೇನ್ರಿ?"

"ನಾನಾ? ನಾ ಉಟ್ಟಿದ್ದು ಕುಂಕುಮಗೆಂಪು ಇಳಕಲ್ ಸೀರಿ. ಇದರಾಗ ಕರಿ ಸೀರಿ ಐತಿ. ತುಟಿ ನೋಡ್ರಿ, ಮಸಿ ಬಳಿದಂಗ ಐತಿ. ಮುಖ ನೋಡ್ರಿ, ಒಲಿ ಮ್ಯಾಲಿನ ಗಡಿಗಿ. ಇದನ್ನ ನಮ್ಮಪ್ಪ ಮಡಕಶಿರಕ್ಕ ಕಳಿಸಿದ್ದ."

ಮಡಕಶಿರದಲ್ಲಿ ಬೆಲ್ಲದ ಮಂಡಿ ಇಟ್ಟಿದ್ದ ಒಂದು ಮನೆತನ ಮಗನಿಗೆ ಹೆಣ್ಣು ಹುಡುಕುತ್ತಿತ್ತು. ಗುರುಶಾಂತಮ್ಮನ ಅಪ್ಪ ಸಣ್ಣಬಸಪ್ಪ ರಾಯದುರ್ಗದಲ್ಲಿ ಹೆಸರಿದ್ದ ಬಟ್ಟೆ ವ್ಯಾಪಾರಿ. ಅಷ್ಟು ದೂರದವರು ಮೊದಲು ಫೋಟೋ ನೋಡುತ್ತೇವೆ ಅಂದಿದ್ದರು. ನೋಡಿ ಹೇಳಿಕಳಿಸಿದ್ದರು: ಹುಡುಗಿ ತೀರಾ ಕಪ್ಪು, ಮೇಲಾಗಿ ಮದುವೆಯ ಮಾತಿಗೆ ಕರಿ ಸೀರೆ ಉಟ್ಟು ಕೂತವಳು ನಮ್ಮ ಮನೆಗೆ ಶುಭವಲ್ಲ.

"ಸಂಬಂಧ ತಪ್ಪಿದ್ದಕ್ಕ ನನಗೇನೂ ದುಃಖ ಇಲ್ಲ," ಅಂದಳು ಗುರುಶಾಂತಮ್ಮ. "ಆ ಮಾರಾಯನ ಮುಖಾನೇ ನಾ ನೋಡಿಲ್ಲ. ಆದ್ರ ನಾ ಉಡದ ಸೀರಿ ನನಗ ಉಡಿಸೋ ಅಧಿಕಾರ ನಿಮಗ ಯಾರು ಕೊಟ್ರು?"

ಮರುಳಪ್ಪನಿಗೂ ಸಿಟ್ಟು ಬಂತು. ಅವನು ಬಳ್ಳಾರಿಯ ದಂಡುಪ್ರದೇಶದಲ್ಲಿ ಇಂಗ್ಲಿಷ್ ದೊರೆಗಳ ಫೋಟೋ ತೆಗೆಯುತ್ತಿದ್ದ ಒಬ್ಬರ ಕೈಕೆಳಗೆ ವರ್ಷಗಟ್ಟಲೆ ಕೆಲಸ ಕಲಿತು ಬಂದವನು. ಅವನ ಕೈಕೆಲಸಕ್ಕೆ ಯಾರೂ ಕುಂದು ಹೇಳಿರಲಿಲ್ಲ.

"ನನ್ನ ಕೈ ತಪ್ಪಲ್ರೀ ಅದು. ಈ ಡಬ್ಬಿಯೊಳಗಿನ ಗಾಜಿನ ಪ್ಲೇಟಿಗೆ ಕೆಂಪು ಕಾಣಂಗಿಲ್ಲ. ಕೆಂಪು ಕಂಡಲ್ಲೆಲ್ಲ ಅದು ಕಪ್ಪು ಅಂತ ಬರಕೊಳ್ಳತೈತಿ. ನಮ್ಮ ಮಂದಿ ಮೈಬಣ್ಣದಾಗೂ ಕೆಂಪು ಸೇರೇತಿ, ಅದಕ್ಕ ಎಲ್ಲಾರೂ ಎರಡು ಪಟ್ಟು ಕಪ್ಪಾಗ್ತಾರ. ಬಿಳೀ ಜನ ತಮ್ಮ ಮುಖಕ್ಕಂತ ಮಾಡಿಕೊಂಡ ಪ್ಲೇಟು ಇದು."

"ಗೊತ್ತಿದ್ದೂ ನನ್ನ ಅದರ ಮುಂದ ಕೂಡಿಸಿದ್ರಲ್ಲ."

ಮರುಳಪ್ಪ ಫೋಟೋ ಬಿಟ್ಟು ಎದುರಿಗೆ ನಿಂತವಳನ್ನು ನೋಡಿದ. ಓಡಿ ಬಂದ ರಭಸಕ್ಕೆ ಕೆನ್ನೆ ರಂಗೇರಿತ್ತು, ಮೂಗಿನ ತುದಿಯಲ್ಲಿ ಬೆವರ ಹನಿ. ರಾಗಿ ಬಣ್ಣದ ಆ ಮುಖದಲ್ಲಿ ಕೋಪ ಮಿನುಗುತ್ತಿದ್ದ ಬಗೆ ಅವನ ಯಾವ ಪ್ಲೇಟಿಗೂ ಸಿಕ್ಕಿರಲಿಲ್ಲ. ಅವನ ಸಿಟ್ಟು ಅಲ್ಲೇ ದಿಕ್ಕು ಬದಲಿಸಿ ಡಬ್ಬಿಯ ಕಡೆ ತಿರುಗಿತು.

"ಕೆಂಪು ಕಾಣೋ ಹೊಸ ಪ್ಲೇಟು ಮದ್ರಾಸಿನಾಗ ಸಿಗ್ತಾವಂತ," ಅಂದ ಮೆಲ್ಲಗೆ. "ತರಿಸ್ತೀನಿ. ಇನ್ನೊಂದು ಸಲ ಕೂಡ್ರಿ."

"ಕೂಡ್ತೀನಿ. ಆದ್ರ ಪೆನ್ಸಿಲ್ ಮುಟ್ಟಂಗಿಲ್ಲ. ಯಾರ‍್ಯಾರದೋ ಮುಖ ತಿದ್ದಿ ಬಿಳಿ ಮಾಡಿ ಕೊಟ್ಟೀರಂತ, ಊರಿಗೆಲ್ಲ ಗೊತ್ತೈತಿ."

ಅದೂ ನಿಜವೇ. ನೆಗೆಟಿವ್ ಮೇಲೆ ಸಣ್ಣ ಮೊನೆಯ ಪೆನ್ಸಿಲ್ ಆಡಿಸಿದರೆ ಮುಖ ಎಷ್ಟು ಬೇಕೋ ಅಷ್ಟು ಬೆಳ್ಳಗಾಗುತ್ತಿತ್ತು. ಸ್ಟುಡಿಯೋ ನಡೆಯುತ್ತಿದ್ದದ್ದೇ ಅದರಿಂದ.

"ಮುಟ್ಟಂಗಿಲ್ಲ," ಅಂದ ಮರುಳಪ್ಪ.

ಮದ್ರಾಸಿನ ಪಾರ್ಸೆಲ್ ಬಳ್ಳಾರಿಯ ರೈಲಿನಲ್ಲಿ ಬರುವ ಹೊತ್ತಿಗೆ ಸಣ್ಣಬಸಪ್ಪ ತಾನೇ ಸ್ಟುಡಿಯೋಕ್ಕೆ ಬಂದ. ಮಡಕಶಿರದವರಿಗೆ ಬೇರೆ ಫೋಟೋ ಕಳಿಸುತ್ತೇನೆಂದು ಅವನು ಹೇಳಿಕಳಿಸಿದ್ದ, ಅವರು ನೋಡೋಣ ಅಂದಿದ್ದರು.

"ಈ ಸಲ ಹಾಲಿನಂಗ ಇರಬೇಕು ನೋಡು ಮರುಳಪ್ಪ. ತಹಸೀಲ್ದಾರರ ಮಗಳಿಗೆ ಮಾಡಿಕೊಟ್ಟೆಲ್ಲ, ಹಂಗ."

ಮಗಳಿಗೆ ಕೊಟ್ಟ ಮಾತನ್ನು ಅವನಿಗೆ ಹೇಳಲು ಮರುಳಪ್ಪನಿಗೆ ಧೈರ್ಯ ಬರಲಿಲ್ಲ. ಬಾಡಿಗೆಗಿದ್ದ ಆ ಅಂಗಡಿ ಸಣ್ಣಬಸಪ್ಪನ ನಂಟರದು.

ಎರಡನೆಯ ಸಲ ಹಿತ್ತಲಿನ ಅಂಗಳದಲ್ಲಿ ಬೇವಿನ ಮರದ ನೆರಳಿಗೆ ಕುರ್ಚಿ ಹಾಕಿದ. ಗುರುಶಾಂತಮ್ಮ ಹಟಕ್ಕೆ ಅದೇ ಕೆಂಪು ಸೀರೆ ಉಟ್ಟುಬಂದಿದ್ದಳು. ಫೋಕಸ್ ಸರಿಮಾಡಲೆಂದು ಮರುಳಪ್ಪ ದ್ಯಾಮಮ್ಮನನ್ನು ಮೊದಲು ಕೂಡಿಸಿ ಕರಿ ಬಟ್ಟೆಯೊಳಗೆ ತಲೆ ಹಾಕಿದ.

"ಒಳಗ ಏನು ಕಾಣತೈತಿ?" ಕೇಳಿದಳು ಗುರುಶಾಂತಮ್ಮ.

"ಬರ್ರಿ, ನೋಡ್ರಿ."

ಅವಳು ಬಟ್ಟೆ ಹೊದ್ದು ಬಗ್ಗಿದಳು. ಹಿಂಬದಿಯ ಮಸಕು ಗಾಜಿನ ಮೇಲೆ ಬೇವಿನ ಮರ ತಲೆಕೆಳಗಾಗಿ ತೂಗುತ್ತಿತ್ತು. ಅದರ ಕೆಳಗೆ, ಅಲ್ಲ ಮೇಲೆ, ದ್ಯಾಮಮ್ಮ.

"ಅತ್ತಿ, ನಿನ್ನ ಕಾಲು ಆಕಾಶಕ್ಕ ಐತಿ," ಎಂದು ಗುರುಶಾಂತಮ್ಮ ನಕ್ಕಳು.

"ಏನಂದಿ?" ದ್ಯಾಮಮ್ಮ ಗಾಬರಿಯಿಂದ ಸೀರೆಯ ನಿರಿಗೆ ಹಿಡಿದುಕೊಂಡು ಎದ್ದೇಬಿಟ್ಟಳು. ಇನ್ನು ಆ ಕುರ್ಚಿಯಲ್ಲಿ ಕೂಡಲು ಎಷ್ಟು ಹೇಳಿದರೂ ಒಪ್ಪಲಿಲ್ಲ.

ಆದರೆ ಗುರುಶಾಂತಮ್ಮ ನಗುವುದನ್ನು ನಿಲ್ಲಿಸಿದ್ದಳು. "ಅತ್ತಿ ಸೀರಿ ಹಸಿರು. ಹಸಿರಾಗೇ ಕಾಣತೈತಿ. ಬಳಿ, ಬೇವಿನ ಎಲಿ, ಎಲ್ಲಾ ಬಣ್ಣ ಇಲ್ಲೇ ಐತೆಲ್ರಿ. ಇಲ್ಲಿಗೆ ಬಂದ ಬಣ್ಣ ಆಮ್ಯಾಲೆ ಎಲ್ಲಿಗೆ ಹೋಗತೈತಿ?"

"ಅದಾ ನನ್ನ ಸಂಕಟ. ದಿನಾ ನಾ ಬಣ್ಣ ನೋಡ್ತೀನಿ, ಮಂದಿಗೆ ಬೂದಿ ಕೊಡ್ತೀನಿ."

"ಇದನ್ನ ಮಾಡೋರಿಗೆ ನೀವು ಹೇಳಬೇಕು. ಬಣ್ಣ ಬಂದಂಗೆ ಹಿಡಿಯೋ ಡಬ್ಬಿ ಮಾಡ್ರಿ ಅಂತ."

"ಹೇಳೋದು ಬಾಳ ಐತ್ರಿ." ಮರುಳಪ್ಪನ ದನಿ ಏರಿತು. "ಮಂದಿ ಉಸಿರು ಕಟ್ಟಿ, ತಲಿ ಅಲ್ಲಾಡದಂಗ ಕುತ್ತಿಗಿ ಹಿಂದ ಕಬ್ಬಿಣದ ಕವಲು ಕೊಟ್ಟು ಕೂಡಬೇಕು. ನಕ್ಕರ ಮುಖ ಅಳಿಸಿಹೋಗತೈತಿ. ರಾಯದುರ್ಗದಾಗ ಯಾರೂ ನಗಂಗಿಲ್ಲೇನು? ನನ್ನ ಫೋಟೋ ನೋಡಿದ್ರ ಇಡೀ ಊರು ಸಾವಿನ ಮನ್ಯಾಗ ಕುಂತಂಗ ಕಾಣತೈತಿ. ಕಣ್ಣು ಮಿಟುಕೋದ್ರಾಗ ಹಿಡಿಯೋ ಲೆನ್ಸ್ ಬೇಕು ನನಗ. ದೀಪದ ಬೆಳಕಿನ್ಯಾಗೂ ಕಾಣೋ ಲೆನ್ಸ್."

"ತೆಗೆದ ಕೂಡಲೇ ತೋರಿಸಬೇಕು ಅದು," ಅಂದಳು ಅವಳು ಬಟ್ಟೆಯೊಳಗಿನಿಂದಲೇ. "ಇದು ನೀನೇ ಹೌದೇನು ಅಂತ ಕುಂತಾಕಿನ್ನ ಕೇಳಬೇಕು. ಆಕಿ ಅಲ್ಲ ಅಂದ್ರ ಅಲ್ಲೇ ಅಳಿಸಿಬಿಡಬೇಕು. ಊರೂರು ತಿರಗಿ ಬಂದ ಮ್ಯಾಲಲ್ಲ."

ಇಷ್ಟು ವರ್ಷಗಳಲ್ಲಿ ಆ ಮಾತು ಮರುಳಪ್ಪನಿಗೆ ಹೊಳೆದೇ ಇರಲಿಲ್ಲ.

"ನೀವು ಹೋಗಿ ಕೂಡ್ರಿ ಕುರ್ಚಿಮ್ಯಾಲೆ," ಅಂದಳು. "ಅತ್ತಿ ಎದ್ದಾಳಲ್ಲ, ಯಾರನ್ನ ನೋಡ್ಲಿ ನಾನು?"

ಅವನು ಹೋಗಿ ಕೂತ. ಊರಿನವರನ್ನೆಲ್ಲ ಕೂಡಿಸಿದ್ದ ಕುರ್ಚಿಯಲ್ಲಿ ತಾನು ಎಂದೂ ಕೂತಿರಲಿಲ್ಲ. ಕೈ ಎಲ್ಲಿಡಬೇಕೋ ತಿಳಿಯಲಿಲ್ಲ. ಎದುರಿಗೆ ಕರಿ ಬಟ್ಟೆ, ಅದರ ಕೆಳಗೆ ಕೆಂಪು ಸೀರೆಯ ಅಂಚು, ಗೆಜ್ಜೆ ಇಲ್ಲದ ಎರಡು ಪಾದ. ತನ್ನನ್ನು ಯಾರೋ ಬಿಡದೆ ನೋಡುತ್ತಿದ್ದಾರೆ ಎಂಬುದು ಬೆನ್ನಿನವರೆಗೂ ತಿಳಿಯುತ್ತಿತ್ತು.

"ಅಲ್ಲಾಡಬ್ಯಾಡ್ರಿ."

"ಇಲ್ರಿ."

"ಉಸಿರು ಬಿಡಬ್ಯಾಡ್ರಿ."

ಬಿಡಲಿಲ್ಲ. ಕರಿ ಬಟ್ಟೆ ಬಹಳ ಹೊತ್ತು ಕದಲಲಿಲ್ಲ.

"ನಿಮ್ಮ ಕಿವಿ ಕೆಂಪಾಗೈತಿ," ಎಂದಿತು ಕೊನೆಗೊಂದು ಮೆಲುದನಿ. "ಗಾಜಿನಾಗ ಚಂದ ಕಾಣತೈತಿ."

"ಸಾಕು ಹೊರಗ ಬಾರೇ," ಎಂದಳು ದ್ಯಾಮಮ್ಮ, ಎಲೆ ಅಡಿಕೆಯ ಚೀಲ ಬಿಚ್ಚುತ್ತಾ.

ಆಮೇಲೆ ಗುರುಶಾಂತಮ್ಮ ಕೂತಳು. ಕಬ್ಬಿಣದ ಕವಲನ್ನು ಮರುಳಪ್ಪ ತಾನಾಗಿಯೇ ತೆಗೆದು ಪಕ್ಕಕ್ಕಿಟ್ಟ. ಫೋಟೋ ಹಿಡಿಯಲು ಮರುಳಪ್ಪ ಕ್ಯಾಮೆರಾದ ರಬ್ಬರ್ ಬಲ್ಬನ್ನು ಒತ್ತುವಾಗ ಇಬ್ಬರೂ ಕ್ಯಾಮೆರಾವನ್ನು ನೋಡುತ್ತಿರಲಿಲ್ಲ.

ಆ ಹೊಸ ಪ್ಲೇಟು ಕೆಂಪನ್ನೂ ಕಾಣುವುದರಿಂದ ಕತ್ತಲೆಕೋಣೆಯ ಕೆಂಪು ದೀಪವೂ ಅದಕ್ಕೆ ಆಗದು. ಕುರುಡನ ಹಾಗೆ ಬೆರಳಲ್ಲೇ ತಡವುತ್ತಾ ತೊಳೆಯಬೇಕು. ಮರುಳಪ್ಪ ಪ್ರಿಂಟ್ ಹಾಕಿ ಬಿಸಿಲಿಗೆ ಹಿಡಿದು ನೋಡಿದ. ಸೀರೆ ಕರಿಯದಾಗಿರಲಿಲ್ಲ. ಬೂದು ಛಾಯೆಯಲ್ಲೇ ಆದರೂ ಮುಖ ಅವಳದೇ ಮುಖವಾಗಿತ್ತು. ಕಣ್ಣಲ್ಲಿ ಅದೇ ಕೋಪ, ತುಟಿಯ ಕೊನೆಯಲ್ಲಿ ಮಾತ್ರ ಬೇರೆ ಏನೋ.

ಸಣ್ಣಬಸಪ್ಪ ಅದನ್ನು ನೋಡಿ ಹಲ್ಲು ಕಡಿದ. "ಹಾಲಿನಂಗ ಅಂದಿದ್ದೆ ನಾನು."

"ನಿಮ್ಮ ಮಗಳು ಹಿಂಗ ಅದಾರ, ಸಾವ್ಕಾರ್ರ. ಚಂದ ಅದಾರ."

"ಪೆನ್ಸಿಲ್ ತಗೋ."

"ತಗಳಂಗಿಲ್ರಿ."

"ನಂಟನಿಗೆ ಒಂದು ಮಾತು ಹೇಳಿದ್ರ ಈ ಅಂಗಡಿ ನಾಳೆ ಇರಂಗಿಲ್ಲ, ಗೊತ್ತೈತಿಲ್ಲೋ?"

"ಗೊತ್ತೈತ್ರಿ. ಇಷ್ಟು ದಿನ ಮಂದಿ ಹೇಳಿದಂಗ ತಿದ್ದೀನಿ. ಅವರ ಮಕ್ಕಳು ಗಂಡನ ಮನಿಗೆ ಹೋಗಿ ಇಳಿದಾಗ, ಫೋಟೋದಾಕಿ ಎಲ್ಲಿ ಅಂತ ಕೇಳಿಸಿಕೊಂಡಿರಬೇಕು. ಅದು ನನಗ ಈಗ ತಿಳಿದೈತಿ. ನಿಮ್ಮ ಮಗಳಿಗೆ ಹಂಗ ಆಗಬಾರದು."

ಸಣ್ಣಬಸಪ್ಪ ಫೋಟೋವನ್ನು ಅಲ್ಲೇ ಬಿಸಾಕಿ ಎದ್ದ. ಈ ಕಾಗದದ ಸಹವಾಸವೇ ಬೇಡ, ನೀವೇ ಬಂದು ಕಣ್ಣಾರೆ ನೋಡಿಕೊಂಡು ಹೋಗಿ ಎಂದು ಮಡಕಶಿರಕ್ಕೆ ಹೇಳಿಕಳಿಸಿದ.

ಅವರು ಬಂದರು. ಹುಡುಗ ಬರಲಿಲ್ಲ. ಹುಡುಗನ ದೊಡ್ಡಪ್ಪ ದೊಡ್ಡಮಲ್ಲಪ್ಪ, ಜೊತೆಗೆ ಇಬ್ಬರು ನೆಂಟರು. ಪಡಸಾಲೆಯಲ್ಲಿ ಜಮಖಾನ ಹಾಸಿತ್ತು. ಗುರುಶಾಂತಮ್ಮ ಬಂದು ಕೂತಳು.

"ಫೋಟೋದಲ್ಲಿದ್ದಷ್ಟು ಕಪ್ಪಿಲ್ಲ ಬಿಡಪ್ಪ," ಅಂದ ದೊಡ್ಡಮಲ್ಲಪ್ಪ. ಮೆಚ್ಚಿ ಆಡಿದ ಮಾತೇ ಅದು.

"ಹುಡುಗನ ಫೋಟೋ ತಂದೀರೇನ್ರಿ?" ಕೇಳಿದಳು ಗುರುಶಾಂತಮ್ಮ.

"ಗಂಡಿಗ್ಯಾಕಮ್ಮ ಫೋಟೋ?" ಎಂದು ನಕ್ಕ ದೊಡ್ಡಮಲ್ಲಪ್ಪ. ಆಮೇಲೆ ನೆಂಟರ ಕಡೆ ತಿರುಗಿ, "ಇಲ್ಲಿ ಮಬ್ಬು. ಬಾರಮ್ಮ, ಇತ್ಲಾಗೆ ಬಾಗಿಲ ತಾವ ಬಾ. ಬೆಳಕಿಗೆ ನಿಂತ್ಕೊ, ಬಣ್ಣ ಸರಿಯಾಗಿ ನೋಡಾನ," ಅಂದ. ಅವಳು ಏಳದ್ದನ್ನು ಕಂಡು ಅವಳ ಮೊಣಕೈ ಹಿಡಿದು ಎಬ್ಬಿಸಲು ಬಗ್ಗಿದ.

ಸಣ್ಣಬಸಪ್ಪ ತನ್ನ ಅಂಗಡಿಯಲ್ಲಿ ಈ ಮಾತನ್ನು ದಿನವೂ ಕೇಳಿದವನು. ಗಿರಾಕಿಗಳು ಸೀರೆಯನ್ನು ಹೊಸ್ತಿಲಾಚೆ ಒಯ್ದು ಬಿಸಿಲಿಗೆ ಹಿಡಿದು, ಮಗ್ಗುಲು ಬದಲಿಸಿ, ನೂಲು ಎಳೆದು ನೋಡುತ್ತಿದ್ದರು. ಮಗಳ ಮೊಣಕೈ ಮೇಲೆ ಆ ಕೈ ಕಂಡೊಡನೆ ಎದ್ದು ನಿಂತ.

"ಕೈ ತೆಗೀರಿ," ಅಂದ.

"ಏನಾಯ್ತು ಸಣ್ಣಬಸಪ್ಪನೋರೆ?"

"ಬಟ್ಟಿ ನೋಡಬೇಕಂದ್ರ ಅಂಗಡಿಗೆ ಬರ್ರಿ, ನಾನೇ ಬೆಳಕಿಗೆ ಹಿಡಿದು ತೋರಿಸ್ತೀನಿ. ಇದು ನನ್ನ ಮನಿ. ಈಕಿ ನನ್ನ ಮಗಳು. ನಡೀರಿ."

ದೊಡ್ಡಮಲ್ಲಪ್ಪ ಏನೇನೋ ಗೊಣಗಿದ. ಬಂದವರು ತಾಂಬೂಲವನ್ನೂ ಮುಟ್ಟದೆ ಬಸ್ಸಿಗೆ ಹೋದರು. ಸಣ್ಣಬಸಪ್ಪ ಜಮಖಾನದ ಮೇಲೆ ಕುಸಿದು ಕೂತ.

"ನಾನೂ ಅದನ್ನೇ ಮಾಡಿದ್ನಲ್ಲವ್ವ," ಅಂದ ಮಗಳಿಗೆ. "ಹಾಲಿನಂಗ ಮಾಡು ಅಂತ ಆ ಹುಡುಗನ ಮುಂದ ಕುಂತು ಹೇಳಿ ಬಂದೆ. ಅಂಗಡಿ ಬಿಡಿಸ್ತೀನಿ ಅಂದ್ರೂ ಅವನು ಒಪ್ಪಲಿಲ್ಲ."

ಗುರುಶಾಂತಮ್ಮನಿಗೆ ಅದು ಗೊತ್ತಿರಲಿಲ್ಲ. "ಅಂಗಡಿ ಬಿಡಿಸ್ತೀನಿ ಅಂದ್ಯಾ?"

"ಅಂದೆ. ನಿನ್ನ ಮಗಳು ಚಂದ ಅದಾಳ ಅಂದ. ಪೆನ್ಸಿಲ್ ಮುಟ್ಟಲಿಲ್ಲ."

ದ್ಯಾಮಮ್ಮ ಒಳಗಿನಿಂದ ಬಂದು ತಮ್ಮನ ಪಕ್ಕದಲ್ಲಿ ಕೂತಳು. "ಈಕಿ ಆ ಕರಿ ಬಟ್ಟಿಯೊಳಗ ಎಷ್ಟು ಹೊತ್ತು ಇದ್ಲು, ನನಗ ಗೊತ್ತೈತಿ. ಹುಡುಗ ಒಳ್ಳೇವನು, ನಮ್ಮೋರೇ. ಕೇಳಿ ನೋಡು," ಎಂದಳು, ಸಂಜೆಯ ಅಡುಗೆಗೆ ಏನು ಮಾಡಲಿ ಎಂದು ಕೇಳಿದಷ್ಟೇ ಸಲೀಸಾಗಿ.

ಸಣ್ಣಬಸಪ್ಪ ಮಗಳ ಮುಖ ನೋಡಿದ. ಅವಳು ತಲೆ ತಗ್ಗಿಸಲಿಲ್ಲ.

"ಹೌದಪ್ಪಾ," ಅಂದಳು.

ಸಂಜೆ ಬಿಸಿಲು ಇಳಿಯುವ ಹೊತ್ತಿಗೆ ಮೂವರೂ ಪೇಟೆ ಬೀದಿಯ ಕೊನೆಗೆ ಬಂದರು. ಮರುಳಪ್ಪ ಪ್ಲೇಟುಗಳನ್ನು ಹುಲ್ಲಿನ ನಡುವೆ ಸುತ್ತಿ ಪೆಟ್ಟಿಗೆ ಕಟ್ಟುತ್ತಿದ್ದ. ಯಾರೂ ಖಾಲಿ ಮಾಡು ಅಂದಿರಲಿಲ್ಲ. ಅನ್ನುತ್ತಾರೆಂದು ಅವನೇ ಲೆಕ್ಕ ಹಾಕಿಕೊಂಡಿದ್ದ.

"ಎಲ್ಲಿಗೆ ಹೊಂಟಿ?" ಕೇಳಿದ ಸಣ್ಣಬಸಪ್ಪ.

"ಬಳ್ಳಾರಿಗ್ರಿ."

"ಮಡಕಶಿರದವರನ್ನ ನಾ ಕಳಿಸಿಬಿಟ್ಟೆ. ಈಗ ನಿನ್ನನ್ನ ಒಂದು ಮಾತು ಕೇಳಾಕ ಬಂದೀನಿ." ಅಕ್ಕನ ಕಡೆ ನೋಡಿದ. "ಅವರಿಬ್ಬರೇ ಮಾತಾಡ್ಕೊಳ್ಳಲಿ ಬಾ," ಎಂದು ದ್ಯಾಮಮ್ಮ ಅವನ ತೋಳು ಹಿಡಿದು ಬೀದಿಯ ಕಟ್ಟೆಗೆ ಕರೆದುಕೊಂಡು ಹೋದಳು.

ಒಳಗೆ ಗುರುಶಾಂತಮ್ಮ ಪೆಟ್ಟಿಗೆಯ ಹಗ್ಗ ಬಿಚ್ಚತೊಡಗಿದ್ದಳು. ಗಂಟು ಬಿಗಿಯಾಗಿತ್ತು, ಅದಕ್ಕೂ ಸಿಟ್ಟು ಬಂದಿತ್ತು ಅವಳಿಗೆ.

"ನಮ್ಮಪ್ಪನ ಮುಂದ ನನ್ನ ಚಂದ ಅಂದ್ರಂತ. ನನ್ನ ಮುಂದ ಯಾಕ ಅನ್ನಲಿಲ್ಲ?"

"ನೀವು ಮಡಕಶಿರಕ್ಕ ಹೋಗೋರು..."

"ಹೋಗ್ತೀನಿ ಅಂತ ನಾ ಹೇಳಿದ್ನೇನ್ರಿ? ಎಲ್ಲಾರೂ ನನ್ನ ಬಿಟ್ಟು ಎಲ್ಲಾರನ್ನೂ ಕೇಳ್ತೀರಿ."

ಮರುಳಪ್ಪ ಅವಳ ಎದುರಿಗೆ ಮೊಣಕಾಲೂರಿ ಕೂತ. ಹಗ್ಗದ ಇನ್ನೊಂದು ತುದಿ ಅವನ ಕೈಯಲ್ಲಿತ್ತು.

"ಈಗ ನಿಮ್ಮನ್ನೇ ಕೇಳ್ತೀನಿ," ಅಂದ. "ನನಗ ನಿಮ್ಮ ಜೋಡಿ ಇರಬೇಕು ಅನ್ನಿಸೈತಿ. ನಿಮ್ಮ ಸಿಟ್ಟಿನ ಸಮೇತ. ನಿಮಗ?"

ಗುರುಶಾಂತಮ್ಮ ಅವನ ಕೈಯಲ್ಲಿದ್ದ ಹಗ್ಗವನ್ನು ಬಿಡಿಸಿ ಕೆಳಗಿಟ್ಟು, ಬೆರಳುಗಳನ್ನು ಹಿಡಿದುಕೊಂಡಳು.

"ಸಿಟ್ಟು ಹೋದ ಮ್ಯಾಲೆ ಹೇಳ್ತೀನಿ," ಅಂದಳು. "ಅಲ್ಲೀತನಕ ಕೈ ಬಿಡಬ್ಯಾಡ್ರಿ."